ಗ್ಯಾಲನ್ ಸರಿ, ಯಾವ ದೇಶದ ಗ್ಯಾಲನ್? ಹೊರದೇಶಕ್ಕೆ ಹೋದ ಮಲೆನಾಡಿಗರಿಗೆ ಅಳತೆಯ ಲೆಕ್ಕ

ಪಾವು, ಅಚ್ಚೇರು, ಸೇರು ಕಂಡವರಿಗೆ ಅಮೆರಿಕದ ಅಳತೆ ತೀರಾ ಹೊಸದೇನಲ್ಲ. ಸೇರಿನ ಕಾಲುಭಾಗ ಪಾವು ಇದ್ದಂತೆ ಗ್ಯಾಲನ್ನಿನ ಕಾಲುಭಾಗ ಕ್ವಾರ್ಟ್. ಅದರ ಅರ್ಧ ಪಿಂಟ್, ಪಿಂಟಿನ ಅರ್ಧ ಕಪ್, ಒಂದು ಕಪ್ಪಿಗೆ 8 ಫ್ಲೂಯಿಡ್ ಔನ್ಸ್. ನಮ್ಮ ಲೆಕ್ಕಕ್ಕೆ ತಂದರೆ ಗ್ಯಾಲನ್ 3.785 ಲೀಟರ್, ಕ್ವಾರ್ಟ್ 946 ಮಿಲಿ, ಪಿಂಟ್ 473, ಕಪ್ 237, ಔನ್ಸ್ 29.6. ಪೊಟ್ಟಣದ ಹಿಂದಿನ ಪೋಷಕಾಂಶದ ಪಟ್ಟಿಯಲ್ಲಿ ಮಾತ್ರ ಕಪ್ಪಿಗೆ 240 ಮಿಲಿ ಹಿಡಿಯುತ್ತಾರೆ. ಅಂಗಡಿಯಲ್ಲಿ ನಿಂತು ಬಾಯಿಲೆಕ್ಕ ಮಾಡುವುದಾದರೆ ಗ್ಯಾಲನ್ನನ್ನು 4ರಿಂದ ಗುಣಿಸಿ, ನೂರಕ್ಕೆ 5ರಂತೆ ಕಳೆಯಿರಿ: 5 ಗ್ಯಾಲನ್ ಡಬ್ಬಕ್ಕೆ 20ರಲ್ಲಿ 1 ಹೋಗಿ 19 ಲೀಟರ್. ಊರಿನ 20 ಲೀಟರ್ ನೀರಿನ ಕ್ಯಾನಿಗಿಂತ ಒಂದು ಲೀಟರ್ ಕಡಿಮೆ.

ಬ್ರಿಟನ್ನಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. 1824ರ ಕಾಯ್ದೆಯಲ್ಲಿ ಅವರು ಗ್ಯಾಲನ್ನನ್ನು ಹೊಸದಾಗಿ ಗೊತ್ತುಮಾಡಿಕೊಂಡರು. ಅಮೆರಿಕ ಹಳೆಯ ದ್ರಾಕ್ಷಾರಸದ ಗ್ಯಾಲನ್ನನ್ನೇ ಉಳಿಸಿಕೊಂಡಿತು. ಬ್ರಿಟಿಷ್ ಗ್ಯಾಲನ್ 4.546 ಲೀಟರ್, ಪಿಂಟ್ 568 ಮಿಲಿ. ಪಿಂಟಿಗೆ ಔನ್ಸ್ 16 ಅಲ್ಲ, 20; ಹಾಗಾಗಿ ಪಿಂಟ್ ದೊಡ್ಡದು, ಔನ್ಸ್ ಮಾತ್ರ ಚಿಕ್ಕದು, 28.4 ಮಿಲಿ. ಅಲ್ಲಿನ 4 ಪಿಂಟ್ ಹಾಲಿನ ಕ್ಯಾನಿನಲ್ಲಿ 2.27 ಲೀಟರ್ ಇರುತ್ತದೆ. ಕಾರಿನ ಮೈಲೇಜಿಗೂ ಇದೇ ತೊಡಕು. ಗ್ಯಾಲನ್ನಿಗೆ 30 ಮೈಲಿ ಎಂದರೆ ಅಮೆರಿಕದಲ್ಲಿ ಲೀಟರಿಗೆ 12.75 ಕಿ.ಮೀ., ಬ್ರಿಟನ್ನಿನಲ್ಲಿ 10.6. ಮೊದಲನೆಯದಕ್ಕೆ 0.425ರಿಂದ, ಎರಡನೆಯದಕ್ಕೆ 0.354ರಿಂದ ಗುಣಿಸಬೇಕು.

ಹೆಚ್ಚು ಜನ ಎಡವುವುದು ಔನ್ಸಿನಲ್ಲಿ. ತೂಕಕ್ಕೂ ಔನ್ಸ್ ಇದೆ, 28.35 ಗ್ರಾಂ. ಜೇನಿನ ಬಾಟಲಿಯ ಮೇಲೆ 12 ಔನ್ಸ್ ಎಂದಿದ್ದರೆ ಅದು ತೂಕ, 340 ಗ್ರಾಂ. ಅಷ್ಟೂ ಸುರಿದರೂ 8 ಔನ್ಸಿನ ಒಂದೇ ಕಪ್ ತುಂಬುತ್ತದೆ, ಜೇನು ನೀರಿಗಿಂತ ಅಷ್ಟು ಭಾರ. ತುಡುವೆ ಜೇನಾಗಲಿ ಜೋನಿಬೆಲ್ಲವಾಗಲಿ, ಕಪ್ಪಿನಲ್ಲಿ ಅಳೆದು ಗ್ರಾಂ ಎಂದುಕೊಳ್ಳಬೇಡಿ, ತಕ್ಕಡಿಗೆ ಹಾಕಿ.

ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ ಹೇಳುವ "ಒಂದು ಲೋಟ ಅಕ್ಕಿತರಿಗೆ ಎರಡು ಲೋಟ ನೀರು" ಎನ್ನುವುದಕ್ಕೆ ಯಾವ ಪರಿವರ್ತನೆಯೂ ಬೇಡ. ಎರಡನ್ನೂ ಒಂದೇ ಲೋಟದಲ್ಲಿ ಅಳೆದರೆ ಮುಗಿಯಿತು. ಕಡುಬು ಕೆಡುವುದು ಅಳತೆ ಬೆರೆಸಿದಾಗ: ರೈಸ್ ಕುಕ್ಕರಿನ ಜೊತೆ ಬರುವ ಕಪ್ 180 ಮಿಲಿಯದು. ತರಿಯನ್ನು ಅದರಲ್ಲಿ ಅಳೆದು ನೀರನ್ನು ಅಮೆರಿಕದ ಕಪ್ಪಿನಲ್ಲಿ ಹೊಯ್ದರೆ ನೀರು ಮೂರನೇ ಒಂದು ಪಾಲಿನಷ್ಟು ಜಾಸ್ತಿಯಾಗಿ ಹಿಟ್ಟು ಉಂಡೆ ಕಟ್ಟಲು ಬರುವುದಿಲ್ಲ.

ಮಕ್ಕಳ ಸಿರಪ್ಪಿಗೆ ಚಮಚ ಬೇಡವೇ ಬೇಡ, ಮಿಲಿ ಗೆರೆಯ ಸಿರಿಂಜನ್ನೇ ಬಳಸಿ. ದೊಡ್ಡ ಚಮಚ 15 ಮಿಲಿ, ಚಿಕ್ಕದು 5. ಅದಲುಬದಲಾದರೆ ಮೂರು ಪಟ್ಟು ಔಷಧ ಹೊಟ್ಟೆಗೆ ಹೋಗುತ್ತದೆ. ಅಮೆರಿಕದ ಮಕ್ಕಳ ಪ್ಯಾರಸಿಟಮಾಲಿನಲ್ಲಿ 5 ಮಿಲಿಗೆ 160 ಮಿಲಿಗ್ರಾಂ. ಊರಿನದರಲ್ಲಿ 120 ಅಥವಾ 250 ಇರುವುದುಂಟು. ಹೆಸರು ಅಲ್ಲಿ ಅಸಿಟಮಿನೋಫೆನ್. ಊರಿನ ಬಾಟಲಿಯ ಡೋಸನ್ನು ಅಲ್ಲಿನ ಬಾಟಲಿಗೆ ಹಚ್ಚದೆ ಫಾರ್ಮಸಿಯಲ್ಲಿ ಕೇಳಿ.

ಇನ್ನು ಹಿತ್ತಲಲ್ಲಿ ಹಣ್ಣಿನ ಗಿಡ ಇಟ್ಟವರಿಗೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಎಂದರೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಅಮೆರಿಕದ ಪುಸ್ತಕದಲ್ಲಿ 10-10-100 ಎಂದು ಕಂಡರೆ ಅದು ಪೌಂಡ್, ಪೌಂಡ್, ಗ್ಯಾಲನ್. 4.54 ಕಿಲೋ ತುತ್ತ 378.5 ಲೀಟರ್ ನೀರಿಗೆ, ಅಂದರೆ ಸುಮಾರು ಶೇ. 1.2. ಅದನ್ನೇ ಕಿಲೋ–ಲೀಟರ್ ಎಂದು ಓದಿಕೊಂಡರೆ ದ್ರಾವಣ ಎಂಟು ಪಟ್ಟು ಗಾಢವಾಗಿ ಎಲೆ ಸುಟ್ಟುಹೋಗುತ್ತದೆ. ನಮ್ಮ ಶೇ. 1ಕ್ಕೆ ಹತ್ತಿರದ್ದು 8-8-100. ಸುಣ್ಣ ಮಾತ್ರ ತೂಕ ಸರಿಯಿದ್ದರೂ ಕೈಕೊಡಬಹುದು, ಹಳೆಯದಾದಷ್ಟು ಕಸುವು ಕಡಿಮೆ. ಉಜ್ಜಿ ತೊಳೆದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿಡಿ. ಅಲಗಿಗೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣದ ತಿಳಿ ಇನ್ನಷ್ಟು ಬೆರೆಸಿ, ಮತ್ತೆ ಅದ್ದಿ ನೋಡಿ.