ಐವತ್ತು ವರ್ಷದ ಆಲ್ಬಂ ಮತ್ತು ಹನ್ನೆರಡು ಚೀಟಿಗಳು

ಬ್ರಿಟನ್ನಿನ ರಾಕ್ ಸಂಗೀತದ ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಂ ಹೊರಬಂದದ್ದು 1973ರ ಮಾರ್ಚ್ ತಿಂಗಳಲ್ಲಿ. ಅದಕ್ಕೆ ಐವತ್ತು ತುಂಬಿದ ವರ್ಷ, ಬೆಂಗಳೂರಿನಲ್ಲಿ ಅದನ್ನು ದಶಕಗಳಿಂದ ಕೇಳಿಕೊಂಡು ಬಂದ ಕೆಲವರನ್ನು ಮನೆಗೆ ಕರೆದು, ಎಲ್ಲರೂ ಒಟ್ಟಿಗೆ ಕುಳಿತು ಆಲ್ಬಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, ಆಮೇಲೆ ಅವರವರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳಬೇಕೆಂದು ನಾನು ಹೊರಟೆ. ಮೊದಲ ಸಲ ಅದು ಕೈಗೂಡಲಿಲ್ಲ. ಎರಡನೆಯ ಸಲ ಕೈಗೂಡಿತು. ನಡುವೆ ನಾನು ಮಾಡಿಕೊಂಡ ಬದಲಾವಣೆಯನ್ನು ಹೇಳಿಕೊಟ್ಟದ್ದು ಆ ಆಲ್ಬಮೇ. ಇಂತಹ ಕೂಟ ನಡೆಸಬೇಕೆನ್ನುವವರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ವೃತ್ತಿ ನಾಟಕಗಳಿಗೆ ಧ್ವನಿ ವಿನ್ಯಾಸ ಮಾಡುವುದು. ಈ ಕೆಲಸಕ್ಕೆ ನಾನು ಬಂದದ್ದೇ ಈ ಆಲ್ಬಂನ ‘ಮನಿ’ ಎಂಬ ಹಾಡಿನ ದೆಸೆಯಿಂದ. ಆ ಹಾಡು ಶುರುವಾಗುವುದು ವಾದ್ಯಗಳಿಂದಲ್ಲ, ನಾಣ್ಯಗಳು ಉದುರುವ, ಕಾಗದ ಹರಿಯುವ, ಅಂಗಡಿಯ ಗಲ್ಲಾಪೆಟ್ಟಿಗೆಯ ಯಂತ್ರ ಝಣ್ ಎನ್ನುವ ಸದ್ದುಗಳಿಂದ. ತಂಡದ ರೋಜರ್ ವಾಟರ್ಸ್ ಈ ಸದ್ದುಗಳ ಮೊದಲ ರೂಪವನ್ನು ತಮ್ಮ ಮನೆಯ ತೋಟದ ಶೆಡ್ಡಿನಲ್ಲಿ ಸಿದ್ಧಪಡಿಸಿದ್ದರು. ಪತ್ನಿ ಮಡಿಕೆಯ ಕೆಲಸಕ್ಕೆ ಬಳಸುತ್ತಿದ್ದ ದೊಡ್ಡ ಬಟ್ಟಲಿಗೆ ನಾಣ್ಯಗಳನ್ನು ಎಸೆದು ಧ್ವನಿಮುದ್ರಿಸಿಕೊಂಡಿದ್ದರು. ಅಂತಹ ಸದ್ದುಗಳಿದ್ದ ಟೇಪನ್ನು ಅಳತೆಪಟ್ಟಿಯಿಂದ ಅಳೆದು ಸಮನಾದ ತುಂಡುಗಳಾಗಿ ಕತ್ತರಿಸಿ, ಅಂಟಿಸಿ, ಒಂದು ಕುಣಿಕೆ ಮಾಡಿ ಯಂತ್ರದಲ್ಲಿ ಸುತ್ತಿಸಿದರು. ಇದನ್ನು ಓದಿ ತಿಳಿದ ಮೇಲೆ ನಾನೂ ಹಳೆಯ ಸ್ಪೂಲ್ ಟೇಪ್ ರೆಕಾರ್ಡರಿನಲ್ಲಿ ಮಾಡಿ ನೋಡಿದೆ. ಸೆಕೆಂಡಿಗೆ ಏಳೂವರೆ ಇಂಚು ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಒಂದು ಎಣಿಕೆಗೆ ಮೂರೂಮುಕ್ಕಾಲು ಇಂಚು. ಅಂತಹ ಏಳು ತುಂಡು ಸೇರಿದರೆ ಇಪ್ಪತ್ತಾರೂಕಾಲು ಇಂಚಿನ ಕುಣಿಕೆ. ಬ್ಲೇಡನ್ನು ಓರೆಯಾಗಿ ಹಿಡಿದು ಕತ್ತರಿಸದಿದ್ದರೆ ಪ್ರತಿ ಸೇರಿಕೆಯಲ್ಲೂ ‘ಟಪ್’ ಎಂಬ ಸದ್ದು ಕೇಳುತ್ತದೆ ಎನ್ನುವುದು ಮೂರನೆಯ ರಾತ್ರಿ ತಿಳಿಯಿತು. ಏಳು ಸದ್ದುಗಳು ಮೊದಲ ಬಾರಿಗೆ ತಾಳ ತಪ್ಪದೆ ಸುತ್ತು ಬಂದಾಗ ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ. ಮೃದಂಗ ಕಲಿತಿದ್ದ ಗೆಳೆಯನೊಬ್ಬ ಅದನ್ನು ಕೇಳಿದವನೇ ಮಂಡಿಯ ಮೇಲೆ ‘ತಕಿಟ ತಕಧಿಮಿ’ ಎಂದು ತಟ್ಟತೊಡಗಿ, ಇದು ನಮ್ಮ ಏಳೆಣಿಕೆಯ ತಾಳ ಮಿಶ್ರ ಚಾಪು ಅಲ್ಲವೇ ಎಂದ. ಎಣಿಕೆಗೆ ಅವನ ಮಾತು ಸರಿಯೇ. ಅದೇ ಹಾಡಿನಲ್ಲಿ ಡೇವಿಡ್ ಗಿಲ್ಮೋರರ ಗಿಟಾರ್ ಒಂಟಿಯಾಗಿ ಹೊರಡುವಾಗ ಏಳರ ಎಣಿಕೆ ನಾಲ್ಕಕ್ಕೆ ಬದಲಾಗುತ್ತದೆಂಬುದನ್ನೂ ಮೊದಲು ಗುರುತಿಸಿದವನು ಅವನೇ.

ಈ ಹಿನ್ನೆಲೆಯಿದ್ದುದರಿಂದ ಕೂಟ ನಡೆಸುವುದು ನನಗೆ ಸಲೀಸಾದ ಕೆಲಸವೆಂದು ಭಾವಿಸಿದ್ದೆ. ಮೊದಲ ಸಲ ಒಂಬತ್ತು ಜನ ಬಂದರು. ನಡುಮನೆಯಲ್ಲಿ ಒಂದು ಮೈಕು ಇಟ್ಟು, ಆಲ್ಬಂ ಹಾಕಿ, ಈಗ ನಿಮ್ಮ ನೆನಪುಗಳನ್ನು ಹೇಳಿ ಎಂದೆ. ಮಾತಿಗೇನೂ ಬರವಿರಲಿಲ್ಲ. ಜನಪ್ರಿಯ ಆಲ್ಬಂಗಳ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಇದು 1973ರಿಂದ 1988ರವರೆಗಿನ ಅವಧಿಯಲ್ಲಿ 741 ವಾರ ಇತ್ತು ಎಂದು ಒಬ್ಬರು ಹೇಳಿದರೆ, ಮೊದಲ ಸ್ಥಾನದಲ್ಲಿ ಇದ್ದದ್ದು ಒಂದೇ ವಾರ ಎಂದು ಇನ್ನೊಬ್ಬರು ತಿದ್ದಿದರು. ಹೊದಿಕೆಯ ಚಿತ್ರದಲ್ಲಿರುವ ಪಟ್ಟಕದಿಂದ ಹೊರಡುವ ಬಣ್ಣಗಳು ಏಳಲ್ಲ ಆರು ಎಂದು ಮೂರನೆಯವರು. ಯಾವ ದೇಶದಲ್ಲಿ ಅಚ್ಚಾದ ಎಲ್‌ಪಿ, ಅಂದರೆ ಗ್ರಾಮಫೋನ್ ತಟ್ಟೆ, ಒಳ್ಳೆಯದು ಎಂಬ ವಾದ ಮುಕ್ಕಾಲು ಗಂಟೆ ನಡೆಯಿತು. ಮಾರನೆಯ ದಿನ ಎರಡು ಗಂಟೆಯ ಮುದ್ರಿಕೆಯನ್ನು ಕೇಳಿದಾಗ ನನಗೆ ಬಹಳ ಬೇಸರವಾಯಿತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದು ಯಾರು ಬೇಕಾದರೂ ಹೇಳಬಹುದಾಗಿದ್ದ ಮಾತು. ಬಂದವರಲ್ಲಿ ಇಬ್ಬರು ಹೆಂಗಸರಿದ್ದರು. ಒಬ್ಬರ ದನಿ ಮುದ್ರಿಕೆಯಲ್ಲಿ ಕೇಳಿದ್ದು ಒಂದೇ ಒಂದು ಸಲ, ಅದೂ ನೀರು ಬೇಕೇ ಎಂದು ಕೇಳಿದಾಗ. ಅಭಿಮಾನಿಗಳನ್ನು ಒಂದೆಡೆ ಕೂಡಿಸಿದರೆ ಅವರು ಪರಸ್ಪರ ಎದುರಿನಲ್ಲಿ ತಮ್ಮ ತಿಳಿವಳಿಕೆಯನ್ನು ತೋರಿಸುತ್ತಾರೆಯೇ ಹೊರತು ಮನಸ್ಸನ್ನಲ್ಲ. ಇದನ್ನು ದೂರಿನಂತೆ ಹೇಳುತ್ತಿಲ್ಲ. ಪ್ರೀತಿಯ ವಸ್ತುವಿನ ಬಗ್ಗೆ ನೇರವಾಗಿ ಮಾತನಾಡಲು ಸಂಕೋಚವಾದಾಗ ಅಂಕಿಅಂಶಗಳ ಮರೆಗೆ ಹೋಗುವುದು ಸಹಜ.

ದಾರಿ ತೋರಿದ್ದು ಆಲ್ಬಂ ತಯಾರಾದ ಬಗೆ. ಹಾಡುಗಳ ನಡುನಡುವೆ ಕೇಳಿಬರುವ ಮಾತು, ನಗು, ಗೊಣಗಾಟಗಳನ್ನು ವಾಟರ್ಸ್ ಸಂಗ್ರಹಿಸಿದ್ದು ಚೀಟಿಗಳ ಮೂಲಕ. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಕೊನೆಯ ಹಂತಕ್ಕೆ ಬಂದಿದ್ದಾಗ ಅವರು ಕಾರ್ಡುಗಳ ಮೇಲೆ ಪ್ರಶ್ನೆಗಳನ್ನು ಬರೆದು ಒಂದು ಕಟ್ಟು ಮಾಡಿ, ಅಲ್ಲಿ ಸಿಕ್ಕಿದವರನ್ನೆಲ್ಲ ಒಬ್ಬೊಬ್ಬರಾಗಿ ಮೈಕಿನ ಮುಂದೆ ಕೂರಿಸಿದರು. ಕಾರ್ಡನ್ನು ತಾವೇ ಓದಿಕೊಂಡು ಉತ್ತರ ಹೇಳಿ ಮುಂದಿನದನ್ನು ತೆಗೆಯಬೇಕು. ಮೊದಲ ಪ್ರಶ್ನೆಗಳು ಇಷ್ಟದ ಬಣ್ಣ ಯಾವುದು ಎಂಬಂತಹ ಹಗುರವಾದವು. ಆಮೇಲೆ, ನೀವು ಕಡೆಯ ಬಾರಿಗೆ ಯಾರ ಮೇಲಾದರೂ ಕೈಮಾಡಿದ್ದು ಯಾವಾಗ, ನಿಮ್ಮ ಕಡೆ ನ್ಯಾಯವಿತ್ತೇ, ಸಾವಿಗೆ ಹೆದರುತ್ತೀರಾ ಎಂಬಂತಹವು. ಆ ಹೊತ್ತಿಗೆ ಅದೇ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಪ್ರಸಿದ್ಧ ಗಾಯಕ ಪಾಲ್ ಮೆಕಾರ್ಟ್ನಿಯವರೂ ಉತ್ತರ ಕೊಟ್ಟರು. ಅವು ಆಲ್ಬಂನಲ್ಲಿ ಸೇರಲಿಲ್ಲ. ಸೇರಿದ್ದು ತಂಡದ ಸಾಮಾನು ಸಾಗಿಸುವ ಸಹಾಯಕರ ಮಾತುಗಳು, ಸ್ಟುಡಿಯೋದ ಬಾಗಿಲು ಕಾಯುತ್ತಿದ್ದ ಜೆರಿ ಓಡ್ರಿಸ್ಕಲ್ ಅವರ ಮಾತುಗಳು. ಸಾವಿಗೆ ತಾವು ಹೆದರುವುದಿಲ್ಲವೆಂದು ನಿರಾಳವಾಗಿ ಹೇಳುವ ದನಿ ಅವರದು. ಚಂದ್ರನಿಗೆ ಕತ್ತಲಿನ ಮಗ್ಗುಲೆಂಬುದು ಬೇರೆ ಇಲ್ಲ, ಅದು ಇಡಿಯಾಗಿ ಕತ್ತಲೇ ಎಂದು ಆಲ್ಬಂನ ಕೊನೆಯಲ್ಲಿ, ಎದೆಬಡಿತದ ಸದ್ದು ಕ್ಷೀಣಿಸುತ್ತಿರುವಾಗ ಕೇಳುವುದೂ ಅವರದೇ.

ನಾನೂ ಚೀಟಿಗಳನ್ನೇ ಮಾಡಿದೆ. ಹನ್ನೆರಡು ಪ್ರಶ್ನೆಗಳು, ಒಂದೊಂದು ಚೀಟಿಗೆ ಒಂದೊಂದು, ಕಟ್ಟನ್ನು ಮಗುಚಿಟ್ಟು. ಯಾವುದಕ್ಕೂ ಪುಸ್ತಕದಲ್ಲಿ ಉತ್ತರ ಸಿಗಬಾರದು ಎನ್ನುವುದೊಂದೇ ನಿಯಮ. ಇದನ್ನು ಮೊದಲು ಕೇಳಿದಾಗ ಕೋಣೆಯಲ್ಲಿ ಇನ್ನಾರಿದ್ದರು? ಯಾವ ಹಾಡನ್ನು ಕೇಳದೆ ಮುಂದಕ್ಕೆ ಓಡಿಸಿಬಿಡುತ್ತಿದ್ದಿರಿ? ಯಾವ ಮಾತನ್ನು ಬಹುಕಾಲ ತಪ್ಪಾಗಿ ಕೇಳಿಸಿಕೊಂಡಿದ್ದಿರಿ? ಇದನ್ನು ಕೇಳಲು ಮನಸ್ಸಾಗದ ಕಾಲವೇನಾದರೂ ಬಂದಿತ್ತೇ? ಈಗ ಇದನ್ನು ಯಾರ ಜೊತೆ ಕೇಳಬೇಕೆನಿಸುತ್ತದೆ? ಹಗುರವಾದವು ಮೊದಲು, ಭಾರವಾದವು ಕೊನೆಗೆ. ಉತ್ತರ ಹೇಳುವವರು ಪಕ್ಕದ ಕೋಣೆಯಲ್ಲಿ ಒಬ್ಬರೇ ಇರಬೇಕು. ನಾನೂ ಅಲ್ಲಿ ಇರಕೂಡದು. ಮೈಕಿನ ಮುಂದೆ ಒಬ್ಬಂಟಿಯಾಗಿ ಕುಳಿತವರು ಮೊದಲೆರಡು ಚೀಟಿಗಳಿಗೆ ಸಭೆಯಲ್ಲಿ ಮಾತನಾಡುವಂತೆ ಮಾತನಾಡುತ್ತಾರೆ, ಮೂರನೆಯದರ ಹೊತ್ತಿಗೆ ದನಿ ಇಳಿಯುತ್ತದೆ. ಇದು ಹನ್ನೊಂದು ಜನರಲ್ಲೂ ಹೀಗೆಯೇ ಆಯಿತು.

ಹನ್ನೊಂದು ಜನ ಎಂದೆ. ಅವರಲ್ಲಿ ಮೂವರು ಅಭಿಮಾನಿಗಳಲ್ಲ. ಬಾಗಿಲು ಕಾಯುವವರ ಮಾತು ಉಳಿದು ಪ್ರಸಿದ್ಧ ಗಾಯಕರ ಮಾತು ಬಿಟ್ಟುಹೋದದ್ದನ್ನು ನೆನೆದು, ಈ ಬಾರಿ ಅಭಿಮಾನಿಗಳ ಮನೆಯವರನ್ನೂ ಕರೆದಿದ್ದೆ.

ಕೇಳುವ ಏರ್ಪಾಡಿನ ಬಗ್ಗೆ ಒಂದೆರಡು ಮಾತು. ಎಲ್‌ಪಿಯನ್ನೇ ಹಾಕಿದೆ, ಕೇಳುವಾಗ ಯಾರೂ ಮಾತನಾಡುವಂತಿಲ್ಲ, ಫೋನುಗಳು ಹೊರಗಿನ ಮೇಜಿನ ಮೇಲೆ. ಮೊದಲ ಬದಿ ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಹಾಡಿಗೆ ಮುಗಿಯುತ್ತದೆ, ಎರಡನೆಯದು ‘ಮನಿ’ಯಿಂದ ಶುರುವಾಗುತ್ತದೆ. ಎಲ್‌ಪಿ ಮಗುಚಲು ನಾನು ಎದ್ದು ಹೋದ ಆ ಅರ್ಧ ನಿಮಿಷ ಕೆಲವರಿಗೆ ಹೊಸದಾಗಿತ್ತು. ಕಾರಣವಿಷ್ಟೆ. ಇಡೀ ಆಲ್ಬಂನ ಉದ್ದ ಸುಮಾರು 43 ನಿಮಿಷ. ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ. ಎಂಬತ್ತರ ದಶಕದಲ್ಲಿ ನಮ್ಮಲ್ಲಿ ಅನೇಕರು ಕೇಳಿದ್ದು ಯಾರದೋ ಎಲ್‌ಪಿಯಿಂದ ಅಂತಹ ಕ್ಯಾಸೆಟ್ಟಿಗೆ ಇಳಿಸಿಕೊಂಡ ಪ್ರತಿಯನ್ನು. ನಮಗೆ ‘ಗ್ರೇಟ್ ಗಿಗ್’ ಹಾಡಿನ ಹೆಣ್ಣುದನಿಯ ಕೊನೆಯ ಉಸಿರು ಅಡಗುತ್ತಿದ್ದಂತೆಯೇ ನಾಣ್ಯಗಳು ಉದುರುತ್ತಿದ್ದವು. ನಡುವೆ ಏಳುವ ಪ್ರಮೇಯವೇ ಇರಲಿಲ್ಲ. ಎಲ್‌ಪಿ ಇದ್ದ ಮನೆಯವರಿಗೆ ಅಲ್ಲೊಂದು ಮೌನ, ಎದ್ದು ಓಡಾಡುವ ಹೊತ್ತು, ಒಂದು ಲೋಟ ಕಾಫಿ. ಒಂದೇ ಆಲ್ಬಂ ಕೇಳಿ ಬೆಳೆದೆವೆಂದುಕೊಂಡಿದ್ದವರ ನೆನಪಿನಲ್ಲಿ ಅದರ ಆಕಾರವೇ ಬೇರೆಬೇರೆಯಾಗಿತ್ತು. ಹೊದಿಕೆಯನ್ನು ಮೊದಲು ಕಂಡಾಗ ಏನನ್ನಿಸಿತು ಎಂಬ ಚೀಟಿಗೂ ಇಂತಹದೇ ಗತಿಯಾಯಿತು: ಕರಿಯ ಹಿನ್ನೆಲೆಯ ಆ ಪ್ರಸಿದ್ಧ ಚಿತ್ರವನ್ನು ಐವರು ಎಷ್ಟೋ ವರ್ಷ ನೋಡಿರಲೇ ಇಲ್ಲ. ಅವರ ಪಾಲಿಗೆ ಆಲ್ಬಂನ ಮುಖವೆಂದರೆ ನೀಲಿ ಶಾಯಿಯಲ್ಲಿ ಯಾರೋ ಹಾಡುಗಳ ಹೆಸರು ಬರೆದುಕೊಟ್ಟಿದ್ದ ಗೆರೆಯ ಕಾಗದ. ಒಬ್ಬರು ಅದನ್ನು ಜೋಪಾನವಾಗಿ ತಂದಿದ್ದರು. ಅದರಲ್ಲಿ ಕೊನೆಯ ಹಾಡು ‘ಎಕ್ಲಿಪ್ಸ್’ ಬರೆಯಲು ಜಾಗ ಸಾಲದೆ ಹಾಳೆಯ ಅಂಚಿನಲ್ಲಿ ಲಂಬವಾಗಿ ಬರೆದಿತ್ತು.

‘ದ ಗ್ರೇಟ್ ಗಿಗ್’ ಬಗ್ಗೆ ಬಂದ ಉತ್ತರಗಳು ಹೆಚ್ಚು. ಮಾತಿಲ್ಲದ ಆ ಗಾಯನ ಕ್ಲೇರ್ ಟೋರಿ ಅವರದು. 1973ರ ಜನವರಿಯ ಒಂದು ಭಾನುವಾರ ಅವರನ್ನು ಕರೆಸಿ, ತಂಡದ ರಿಚರ್ಡ್ ರೈಟರ ಪಿಯಾನೋ ಕೇಳಿಸಿ, ಪದಗಳು ಬೇಡ ಎಂದಷ್ಟೇ ಹೇಳಿದರು. ತಮ್ಮ ದನಿಯನ್ನೇ ಒಂದು ವಾದ್ಯವೆಂದು ಭಾವಿಸಿ ಅವರು ಹಾಡಿದರು. 30 ಪೌಂಡ್ ಸಂಭಾವನೆ ಪಡೆದು, ಅದನ್ನು ಬಳಸುವುದಿಲ್ಲವೇನೋ ಎಂದುಕೊಂಡೇ ಮನೆಗೆ ಹೋದರು. ಅವರು 2004ರಲ್ಲಿ ನ್ಯಾಯಾಲಯಕ್ಕೆ ಹೋಗಿ, 2005ರಲ್ಲಿ ರಾಜಿಯಾದ ಮೇಲೆ ರೈಟರ ಜೊತೆ ಅವರ ಹೆಸರೂ ರಚನೆಕಾರರ ಜಾಗದಲ್ಲಿ ಬಂತು. ಬರಬೇಕಾದದ್ದೇ, ಮೂವತ್ತು ವರ್ಷ ತಡವಾಗಿ ಬಂತು ಎಂಬುದು ನನ್ನ ಅಭಿಪ್ರಾಯ. ತಪ್ಪಾಗಿ ಕೇಳಿಸಿಕೊಂಡದ್ದು ಯಾವುದು ಎಂಬ ಚೀಟಿಗೆ ನಿವೃತ್ತ ಗಣಿತದ ಅಧ್ಯಾಪಕರೊಬ್ಬರು ಹೀಗೆಂದರು: ಹಾಡುತ್ತಿರುವವರು ಇಬ್ಬರು ಹೆಂಗಸರೆಂದೇ ಇಪ್ಪತ್ತು ವರ್ಷ ತಿಳಿದಿದ್ದೆ, ಒಬ್ಬಳು ಗೋಳಿಡುತ್ತಿದ್ದಾಳೆ, ಆಮೇಲೆ ಬರುವವಳು ಅವಳನ್ನು ಸಮಾಧಾನ ಮಾಡುತ್ತಿದ್ದಾಳೆ, ಒಬ್ಬರೇ ಎಂದು ಗೊತ್ತಾದ ದಿನ ಸಮಾಧಾನ ಮಾಡುತ್ತಿದ್ದವಳು ಇಲ್ಲವಾದಳೆಂದು ಬೇಸರವಾಯಿತು. ಆ ಹಾಡನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ ನನಗೆ, ಅದು ನಡುವಿನಲ್ಲಿ ಮೆತ್ತಗಾಗುವ ಜಾಗ ಅಂದಿನಿಂದ ಬೇರೆಯಾಗಿಯೇ ಕೇಳುತ್ತಿದೆ.

2002ರಲ್ಲಿ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹಾಡಿದ್ದನ್ನು ನಾಲ್ವರು ನೆನೆದರು. ವಿಶೇಷವೆಂದರೆ ವೇದಿಕೆಯ ಮೇಲೆ ಏನು ನಡೆಯಿತೆಂಬುದನ್ನು ಯಾರೂ ಹೆಚ್ಚು ಹೇಳಲಿಲ್ಲ. ಯಾರ ಸ್ಕೂಟರಿನ ಹಿಂದೆ ಕುಳಿತು ಹೋದೆ, ಬರುವಾಗ ಎಷ್ಟು ದೂರ ನಡೆದೆ ಎಂಬುದನ್ನು ಹೇಳಿದರು.

ಇಡೀ ಸಂಜೆಯಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಅಭಿಮಾನಿಯೊಬ್ಬರ ಮಡದಿ. ಅವರಿಗೆ ಆ್ಯಂಪ್ಲಿಫೈಯರ್ ಪಕ್ಕದ ಕುರ್ಚಿ ಸಿಕ್ಕಿತ್ತು. ‘ಟೈಮ್’ ಹಾಡು ಗಡಿಯಾರಗಳಿಂದ ಶುರುವಾಗುತ್ತದೆ. ಧ್ವನಿ ತಂತ್ರಜ್ಞ ಅಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಯೊಂದಕ್ಕೆ ಹೋಗಿ ಒಂದೊಂದನ್ನೂ ಬೇರೆಬೇರೆಯಾಗಿ ಮುದ್ರಿಸಿ ತಂದದ್ದು ಅದು. ಮೊದಲು ಮೆಲ್ಲನೆ ಟಿಕ್ ಟಿಕ್ ಎನ್ನುತ್ತದೆ, ಕೆಲವು ಕ್ಷಣಗಳಲ್ಲಿ ಎಲ್ಲವೂ ಒಟ್ಟಿಗೆ ಬಾರಿಸುತ್ತವೆ. ಟಿಕ್ ಟಿಕ್ ಕೇಳಿದ್ದೇ ತಡ, ಆ ತಾಯಿಯ ಬಲಗೈ ತಾನಾಗಿಯೇ ಮೇಲೆದ್ದು ಧ್ವನಿ ತಗ್ಗಿಸುವ ತಿರುಗಣೆಯ ಹತ್ತಿರ ಹೋಗಿ, ಅರ್ಧದಲ್ಲೇ ನಿಂತಿತು. ಗಡಿಯಾರಗಳು ಬಾರಿಸಿದವು, ಅವರು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನಕ್ಕರು. ಆಮೇಲೆ ಮೈಕಿನ ಮುಂದೆ ಹೇಳಿದರು: “ಮಗು ತೊಟ್ಟಿಲಲ್ಲಿ ಮಲಗಿರುತ್ತಿತ್ತು. ಇವರು ರಾತ್ರಿ ಊಟ ಆದಮೇಲೆ ಇದನ್ನೇ ಹಾಕುತ್ತಿದ್ದರು. ಆ ಟಿಕ್ ಟಿಕ್ ಬಂದ ಕೂಡಲೇ ನಾನು ಅಡುಗೆಮನೆಯಿಂದ ಓಡಿಬಂದು ಸದ್ದು ಕಡಿಮೆ ಮಾಡುತ್ತಿದ್ದೆ. ಆ ಗಡಿಯಾರಗಳು ಜೋರಾಗಿ ಹೊಡೆಯುವುದನ್ನು ನಾನು ಕೇಳಿದ್ದು ಇವತ್ತೇ. ಮಗನಿಗೆ ಈಗ ಮೂವತ್ತೆಂಟು.” ಆ ಹಾಡನ್ನು ಬರೆಯುವಾಗ ವಾಟರ್ಸ್ ಅವರಿಗೆ ಮೂವತ್ತು ತುಂಬಿರಲಿಲ್ಲ. ಹತ್ತು ವರ್ಷ ಹಿಂದೆ ಸರಿದುಹೋದದ್ದು ಒಂದು ದಿನ ಇದ್ದಕ್ಕಿದ್ದಂತೆ ತಿಳಿಯುತ್ತದೆ ಎಂಬ ಅದರ ಮಾತಿಗೆ ನಾನು ಕೇಳಿದ ಅತ್ಯಂತ ನಿಖರವಾದ ವ್ಯಾಖ್ಯಾನ ಆ ಅರ್ಧದಲ್ಲಿ ನಿಂತ ಕೈ.

ಮುದ್ರಿಕೆ ಒಟ್ಟು ಮೂರು ಗಂಟೆ ಹತ್ತು ನಿಮಿಷ ಬಂತು. ಆಲ್ಬಂನಲ್ಲಿ ಮಾಡಿರುವಂತೆಯೇ ಪ್ರಶ್ನೆಗಳು ಎಲ್ಲೂ ಕೇಳದ ಹಾಗೆ ಉತ್ತರಗಳನ್ನಷ್ಟೇ ಉಳಿಸಿ ಮೂವತ್ತೊಂದು ನಿಮಿಷಕ್ಕೆ ಇಳಿಸಿದೆ. ಕತ್ತರಿಸುವಾಗ ಒಂದು ವಿಷಯದಲ್ಲಿ ಎಚ್ಚರವಿರಲಿ: ಉತ್ತರಕ್ಕೆ ಮುಂಚಿನ ಮೌನವನ್ನು ತೆಗೆಯಬೇಡಿ. ಚೀಟಿ ಮಗುಚುವ ಸದ್ದು, ಆಮೇಲೆ ನಾಲ್ಕೈದು ಸೆಕೆಂಡಿನ ಮೌನ, ಆಮೇಲೆ ಮಾತು. ಮೌನವನ್ನು ಮೊಟಕು ಮಾಡಿದ ಮೊದಲ ಕರಡಿನಲ್ಲಿ ಎಲ್ಲರೂ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಬಂದವರಂತೆ ಕೇಳುತ್ತಿದ್ದರು. ಪ್ರತಿಯನ್ನು ಹನ್ನೊಂದು ಜನರಿಗೂ ಕೊಟ್ಟೆ, ಬೇರೆ ಯಾರಿಗೂ ಕೊಟ್ಟಿಲ್ಲ. ಅವರು ಒಬ್ಬರೇ ಇದ್ದಾಗ ಆಡಿದ ಮಾತು ಅದು.

ಹನ್ನೆರಡು ಚೀಟಿಗಳಲ್ಲಿ ಒಂದನ್ನು ಮುಂದಿನ ಸಲ ಬದಲಿಸುತ್ತೇನೆ. ಈ ಆಲ್ಬಂ ನಿಮಗೆ ಏನನ್ನು ಕಲಿಸಿತು ಎಂದು ಹತ್ತನೆಯದರಲ್ಲಿ ಬರೆದಿದ್ದೆ. ಹನ್ನೊಂದು ಜನರೂ ಅಲ್ಲಿ ಮತ್ತೆ ಸಭೆಯ ದನಿಗೆ ಮರಳಿದರು, ಅದರ ಒಂದು ಉತ್ತರವೂ ಮೂವತ್ತೊಂದು ನಿಮಿಷದೊಳಗೆ ಬರಲಿಲ್ಲ. ಅದರ ಜಾಗಕ್ಕೆ, ಇದು ನಡೆಯುತ್ತಿರುವಾಗ ನಿಮ್ಮ ಕೈ ಏನು ಮಾಡುತ್ತಿರುತ್ತದೆ ಎಂಬ ಪ್ರಶ್ನೆಯನ್ನು ಬರೆದಿಟ್ಟಿದ್ದೇನೆ.