ಥರ್ಮಾಕೋಲ್ ಬಿಟ್ಟು ರಟ್ಟಿನ ಡಬ್ಬ: ಊಟದ ಪಾರ್ಸೆಲ್ ಕಟ್ಟುವುದು ಹೀಗೆ

ನಮ್ಮ ಅತ್ತಿಗೆ ಬೆಂಗಳೂರಿನ ಮನೆಯಿಂದಲೇ ದಿನಕ್ಕೆ ನಲವತ್ತು ಊಟದ ಪಾರ್ಸೆಲ್ ಕಳಿಸುತ್ತಾರೆ. ಚಿತ್ರಾನ್ನ, ಪುಳಿಯೋಗರೆ, ಬಿಸಿಬೇಳೆಬಾತ್, ಜೊತೆಗೆ ಪಲ್ಯ ಅಥವಾ ಕೋಸಂಬರಿ. ಕಳೆದ ವರ್ಷ ಥರ್ಮಾಕೋಲ್ ಡಬ್ಬ ಬೇಡವೇ ಬೇಡ ಎಂದು ತೀರ್ಮಾನಿಸಿ ಒಂದು ಕಟ್ಟು ರಟ್ಟಿನ ಡಬ್ಬ ತಂದರು. 'ಪೂರ್ತಿ ಪೇಪರ್ ಮೇಡಂ' ಎಂದಿದ್ದರು ಅಂಗಡಿಯವರು. ಎರಡನೇ ವಾರ ಒಂದು ಖಾಲಿ ಡಬ್ಬ ಬಕೆಟ್ ನೀರಿಗೆ ಬಿದ್ದು ರಾತ್ರಿಯಿಡೀ ನೆನೆಯಿತು. ಬೆಳಿಗ್ಗೆ ನೋಡಿದರೆ ರಟ್ಟು ಹಿಟ್ಟಿನಂತೆ ಕರಗಿದೆ. ಹಾಲಿನ ಕೆನೆಯಷ್ಟು ತೆಳ್ಳಗಿನ ಪ್ಲಾಸ್ಟಿಕ್ ಹಾಳೆಯೊಂದು ನೀರಿನ ಮೇಲೆ ತೇಲುತ್ತಿದೆ.

ಅತ್ತಿಗೆಗೆ ಅವತ್ತು ತುಂಬಾ ಬೇಜಾರಾಯಿತು. ಆಮೇಲೆ ನಾವಿಬ್ಬರೂ ಕೂತು ರಟ್ಟು ಹರಿದು, ಅಳೆದು, ಮಡಚಿ, ಸಾಂಬಾರ್ ಸುರಿದು ನೋಡಿ ಒಂದು ದಾರಿ ಮಾಡಿಕೊಂಡೆವು. ಮನೆಯಿಂದ ಊಟ ಕಳಿಸುವವರಿಗೆ, ಚಿಕ್ಕ ಹೋಟೆಲಿನವರಿಗೆ, ಮನೆಯ ಕಾರ್ಯಕ್ರಮಕ್ಕೆ ಪಾರ್ಸೆಲ್ ಕಟ್ಟುವವರಿಗೆ ಉಪಯೋಗವಾಗಲಿ ಎಂದು ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಥರ್ಮಾಕೋಲ್‌ನ ತೊಂದರೆ ಏನು?

ಥರ್ಮಾಕೋಲ್ ಎಂದರೆ ಉಬ್ಬಿಸಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್. ಅದರಲ್ಲಿ ನೂರಕ್ಕೆ 95 ಭಾಗಕ್ಕೂ ಹೆಚ್ಚು ಬರೀ ಗಾಳಿ. ಬಿಸಿ ಉಳಿಸುವುದು ಆ ಗಾಳಿಯೇ. ಗುಜರಿಯವರು ಅದನ್ನು ಬೇಡ ಎನ್ನುವುದೂ ಆ ಗಾಳಿಯಿಂದಲೇ. ಒಂದು ಮೂಟೆ ತುಂಬಿದರೂ ತೂಕವೇ ಬರುವುದಿಲ್ಲ, ಸಾಗಿಸುವ ಖರ್ಚೂ ಹುಟ್ಟುವುದಿಲ್ಲ. ಕೊನೆಗೆ ಅದು ಚರಂಡಿ ಸೇರಿ ಕಾಳು ಕಾಳಾಗಿ ಒಡೆಯುತ್ತದೆ. ಅನ್ನ ಮೆತ್ತಿದ ತುಂಡುಗಳು ಬೀದಿ ದನಗಳ ಹೊಟ್ಟೆಗೂ ಹೋಗುತ್ತವೆ.

ಈ ಪ್ಲಾಸ್ಟಿಕ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಬಾಣಲೆಯಿಂದ ತೆಗೆದ ಬೋಂಡ ಅದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ. ಕಿತ್ತಳೆ ಸಿಪ್ಪೆಯನ್ನು ಥರ್ಮಾಕೋಲ್ ಮೇಲೆ ಹಿಂಡಿ ನೋಡಿ. ಸಿಪ್ಪೆಯ ಎಣ್ಣೆ ತಾಗಿದ ಕಡೆ ಕರಗಿ ಗುಳಿ ಬೀಳುತ್ತದೆ. ಇದನ್ನು ತಯಾರಿಸಲು ಬಳಸುವ ಸ್ಟೈರೀನನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು 2018ರಲ್ಲಿ 'ಬಹುಶಃ ಕ್ಯಾನ್ಸರ್ ತರಬಲ್ಲದು' ಎಂಬ ಗುಂಪಿಗೆ ಸೇರಿಸಿತು.

ಕರ್ನಾಟಕದಲ್ಲಿ ಥರ್ಮಾಕೋಲ್ ತಟ್ಟೆ, ಲೋಟಗಳಿಗೆ 2016ರ ಮಾರ್ಚ್‌ನಿಂದಲೇ ನಿಷೇಧ ಇದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧಿಸಿತು. ಆದರೂ ಅಂಗಡಿಯಲ್ಲಿ ಸಿಗುತ್ತಲೇ ಇವೆ ಎನ್ನುವುದು ಬೇಸರದ ಮಾತು.

ಮೊದಲ ಕೆಲಸ: ಡಬ್ಬಕ್ಕಿಂತ ಮುಂಚೆ ಅಡುಗೆ ನೋಡಿ

1990ರ ನವೆಂಬರ್‌ನಲ್ಲಿ ಅಮೆರಿಕದ ಮೆಕ್‌ಡೊನಾಲ್ಡ್ಸ್ ಕಂಪನಿ ಬರ್ಗರ್ ಕೊಡುತ್ತಿದ್ದ ಥರ್ಮಾಕೋಲ್ ಡಬ್ಬ ನಿಲ್ಲಿಸುವುದಾಗಿ ಹೇಳಿತು. ಅದರ ಜಾಗಕ್ಕೆ ಬಂದದ್ದು ಇನ್ನೊಂದು ಡಬ್ಬ ಅಲ್ಲ, ಸುತ್ತಿಕೊಡುವ ಪದರದ ಕಾಗದ. ಬರ್ಗರ್‌ಗೆ ಅಷ್ಟೇ ಸಾಕಿತ್ತು. ನಾವೂ ಹಾಗೇ ಯೋಚಿಸಬೇಕು. 'ಥರ್ಮಾಕೋಲ್ ಬದಲು ಯಾವ ಡಬ್ಬ?' ಎಂದು ಕೇಳಿದರೆ ಅಂಗಡಿಯವರು ಯಾವುದೋ ಒಂದನ್ನು ಕೊಡುತ್ತಾರೆ. 'ಈ ತಿಂಡಿಗೆ ಏನು ಬೇಕು?' ಎಂದು ಕೇಳಿಕೊಳ್ಳಿ.

ನಿಮ್ಮ ಅಡುಗೆಯನ್ನು ಮೂರು ಪಾಲು ಮಾಡಿ. ವಡೆ, ಬೋಂಡ, ದೋಸೆ, ಚಪಾತಿಯಂಥ ಒಣ ತಿಂಡಿ ಒಂದು. ಚಿತ್ರಾನ್ನ, ಉಪ್ಪಿಟ್ಟು, ಪಲ್ಯ, ಗಟ್ಟಿ ಬಿಸಿಬೇಳೆಬಾತ್ ಇನ್ನೊಂದು. ಇವು ಹರಿಯುವುದಿಲ್ಲ, ಆದರೆ ಎಣ್ಣೆ, ತೇವ ಬಿಡುತ್ತವೆ. ಮೂರನೆಯದು ಸಾರು, ಸಾಂಬಾರ್, ಮಜ್ಜಿಗೆ ಹುಳಿ. ರಟ್ಟು ಮೊದಲೆರಡಕ್ಕೆ ಚೆನ್ನಾಗಿ ಒಗ್ಗುತ್ತದೆ. ಮೂರನೆಯದನ್ನು ರಟ್ಟಿನಲ್ಲಿ ನಿಲ್ಲಿಸಲು ಪ್ಲಾಸ್ಟಿಕ್ ಲೇಪ ಬೇಕೇ ಬೇಕು ಎನ್ನುವಂತಾಗುತ್ತದೆ. ಲೇಪ ಬಂದರೆ ಬಿಸಿ ದ್ರವದ ಜೊತೆ ಅದೂ ಬರುತ್ತದೆ. ಖರಗ್‌ಪುರದ ಐಐಟಿಯವರು ಒಳಗೆ ಇಂಥ ಲೇಪವಿರುವ ಪೇಪರ್ ಕಪ್‌ನಲ್ಲಿ 100 ಮಿಲಿಲೀಟರ್ ಬಿಸಿ ನೀರನ್ನು 15 ನಿಮಿಷ ಇಟ್ಟು ನೋಡಿದಾಗ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಸಿಕ್ಕವು. ಹಾಗಾಗಿ ಸಾರಿನ ವಿಷಯ ಪಕ್ಕಕ್ಕಿಡಿ. ಕೊನೆಯಲ್ಲಿ ಅದಕ್ಕೆ ಬರುತ್ತೇನೆ.

ರಟ್ಟು ಕೊಳ್ಳುವಾಗ

ಒಂದು ತುಂಡು ಕೇಳಿ ಪಡೆದು ಅಲ್ಲೇ ಹರಿದು ನೋಡಿ. ಒಳಗೆ ಬೂದು ಬಣ್ಣ ಇದ್ದರೆ ಅದು ಹಳೆ ಕಾಗದದಿಂದ ಮಾಡಿದ ಡ್ಯೂಪ್ಲೆಕ್ಸ್ ರಟ್ಟು. ಹಳೆ ಪತ್ರಿಕೆ, ಪುಸ್ತಕಗಳ ಶಾಯಿಯ ಎಣ್ಣೆಯಂಶ ಅದರಲ್ಲಿ ಉಳಿದಿರುತ್ತದೆ. ಹೊರಗಿನ ಪೆಟ್ಟಿಗೆಗೆ ಸರಿ, ಬಿಸಿ ಊಟ ನೇರವಾಗಿ ತಾಗಲು ಬೇಡ. ಹರಿದ ಅಂಚು ಬೆಳ್ಳಗೆ ಅಥವಾ ತಿಳಿ ಕೆನೆ ಬಣ್ಣದಲ್ಲಿ ಇರಬೇಕು. ಕಂದು ಬಣ್ಣದ ಕ್ರಾಫ್ಟ್ ರಟ್ಟಾದರೆ ಹೊಸ ತಿರುಳಿನದೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ.

ಎರಡನೆಯದು ದಪ್ಪ. ಒಂದು ಚದರ ಮೀಟರ್ ರಟ್ಟು ಎಷ್ಟು ಗ್ರಾಂ ತೂಗುತ್ತದೆ ಎನ್ನುವುದೇ ಜಿಎಸ್‌ಎಂ. ಒಂದು ಪ್ಲೇಟ್ ಅನ್ನಕ್ಕೆ ನಮಗೆ 300 ಜಿಎಸ್‌ಎಂ ಸರಿಹೋಯಿತು. ಹೇಳಿದಷ್ಟೇ ಕೊಟ್ಟಿದ್ದಾರಾ ಎಂದು ಮನೆಯಲ್ಲೇ ನೋಡಬಹುದು. 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ 10 ಚೌಕ ಕತ್ತರಿಸಿ ಅಡುಗೆಮನೆಯ ತಕ್ಕಡಿಗೆ ಹಾಕಿ. 30 ಗ್ರಾಂ ಬಂದರೆ 300 ಜಿಎಸ್‌ಎಂ. 25 ಬಂದರೆ 250.

ಮೂರನೆಯದು ಲೇಪ. ಬಕೆಟ್ ನಮಗೆ ಕಲಿಸಿದ ಪರೀಕ್ಷೆ ಇದೇ. ತುಂಡನ್ನು ರಾತ್ರಿ ನೀರಿನಲ್ಲಿ ನೆನೆಸಿ ಬೆಳಿಗ್ಗೆ ಉಜ್ಜಿ. ಪದರ ಹಾಳೆಯಂತೆ ಎದ್ದು ಬಂದರೆ ಒಳಗೆ ಪ್ಲಾಸ್ಟಿಕ್ ಇದೆ. ಗಿಡಗಳಿಂದ ಮಾಡುವ ಪಿಎಲ್‌ಎ ಲೇಪವೂ ಹೀಗೇ ಏಳುತ್ತದೆ. ಅದೂ ಮನೆಯ ಗೊಬ್ಬರದ ಗುಂಡಿಯಲ್ಲಿ ಸುಲಭಕ್ಕೆ ಕೊಳೆಯುವಂಥದ್ದಲ್ಲ, ಅದಕ್ಕೆ ದೊಡ್ಡ ಘಟಕದ ಬಿಸಿ ಬೇಕು. ಕೆಲವು ರಟ್ಟಿಗೆ ಎಣ್ಣೆ ಹಿಡಿಯದಿರಲಿ ಎಂದು ಪಿಎಫ್‌ಎಎಸ್ ಗುಂಪಿನ ರಾಸಾಯನಿಕ ಹಾಕುತ್ತಾರೆ. ಅವು ಮಣ್ಣಿನಲ್ಲೂ ಮೈಯಲ್ಲೂ ವರ್ಷಗಟ್ಟಲೆ ಉಳಿಯುವಂಥವು. ಅದು ಇಲ್ಲ ಎಂದೂ, ಆಹಾರಕ್ಕೆ ತಕ್ಕದ್ದು ಎಂದೂ ಬರೆದ ಪರೀಕ್ಷಾ ವರದಿ ಕೇಳಿ. ಕೇಳಲು ಸಂಕೋಚ ಬೇಡ.

ಹೊರಗಡೆ ಹೆಸರು ಅಚ್ಚು ಹಾಕಿಸುವುದಾದರೆ ಅಚ್ಚಿನ ಬದಿ ಊಟಕ್ಕೆ ತಾಗಬಾರದು. ಇನ್ನು ಪತ್ರಿಕೆಯ ಹಾಳೆಯನ್ನು ಒಳಗೆ ಹಾಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ.

ಒಂದೇ ಹಾಳೆಯಿಂದ ಡಬ್ಬ

ಸಾವಿರ ಡಬ್ಬಕ್ಕೆ ಆರ್ಡರ್ ಕೊಡುವ ಮುಂಚೆ ಒಂದನ್ನು ಕೈಯಾರೆ ಮಾಡಿ. ಅಳತೆ ನಿಮ್ಮ ಊಟಕ್ಕೆ ಹೊಂದುತ್ತದಾ ಎಂದು ಗೊತ್ತಾಗುತ್ತದೆ. ಇಲ್ಲಿರುವ ಉಪಾಯ ಹಳೆಯದು. ಅಮೆರಿಕದ ಷಿಕಾಗೋದ ಫ್ರೆಡ್ರಿಕ್ ವಿಲ್ಕಾಕ್ಸ್ 1894ರಲ್ಲಿ ಒಂದೇ ಕಾಗದ ಮಡಚಿ ಮಾಡುವ ಡಬ್ಬಕ್ಕೆ ಪೇಟೆಂಟ್ ಪಡೆದಿದ್ದರು. ಮೂಲೆಯನ್ನು ಕತ್ತರಿಸುವುದಿಲ್ಲ, ಮಡಚುತ್ತೇವೆ. ಕತ್ತರಿ ಹಾಕದ ಮೂಲೆಯಲ್ಲಿ ಸೋರಲು ಸಂದಿಯೇ ಇರುವುದಿಲ್ಲ.

23 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ರಟ್ಟು ತೆಗೆದುಕೊಳ್ಳಿ. ಕತ್ತರಿಸುವ ಮುಂಚೆ ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ. ಒಂದು ದಿಕ್ಕಿಗೆ ಸುಲಭವಾಗಿ ಬಾಗುತ್ತದೆ, ಇನ್ನೊಂದು ದಿಕ್ಕಿಗೆ ಹಠ ಮಾಡುತ್ತದೆ. ಹಠ ಮಾಡುವ ದಿಕ್ಕಿಗೇ ಡಬ್ಬದ ಉದ್ದ ಬರಲಿ. ಆಗ ಅನ್ನ ತುಂಬಿದರೂ ಉದ್ದದ ಗೋಡೆ ಹೊರಗೆ ಉಬ್ಬುವುದಿಲ್ಲ.

ನಾಲ್ಕೂ ಅಂಚಿನಿಂದ 4 ಸೆಂ.ಮೀ. ಒಳಗೆ ಗೆರೆ ಹಾಕಿ. ಶಾಯಿ ಮುಗಿದ ಬಾಲ್ ಪೆನ್ನನ್ನು ಸ್ಕೇಲಿಗೆ ಒತ್ತಿ ಎಳೆದರೆ ಮಡಿಕೆ ನೀಟಾಗಿ ಬರುತ್ತದೆ. ನಾಲ್ಕು ಮೂಲೆಗಳಲ್ಲಿ 4 ಸೆಂ.ಮೀ.ಯ ಚೌಕ ಕಾಣಿಸುತ್ತದೆ. ಪ್ರತಿ ಚೌಕದ ಒಳಮೂಲೆಯಿಂದ ಹೊರಮೂಲೆಗೆ ಓರೆ ಗೆರೆ ಎಳೆಯಿರಿ. ಈಗ ನಾಲ್ಕೂ ಬದಿಯನ್ನು ಎಬ್ಬಿಸಿ. ಮೂಲೆಯ ಚೌಕಗಳು ಓರೆ ಗೆರೆಯ ಮೇಲೆ ಮಡಚಿ ತ್ರಿಕೋನದ ಕಿವಿಗಳಂತೆ ಹೊರಗೆ ಚಾಚುತ್ತವೆ. ಅವನ್ನು ಚಿಕ್ಕ ಗೋಡೆಗಳ ಹೊರಮೈಗೆ ಒತ್ತಿ. 15 ಸೆಂ.ಮೀ. ಉದ್ದ, 12 ಅಗಲ, 4 ಎತ್ತರದ ಡಬ್ಬ ಸಿದ್ಧ.

ಮುಚ್ಚಳಕ್ಕೆ 19.5 ಸೆಂ.ಮೀ. ಉದ್ದ, 16.5 ಅಗಲದ ಹಾಳೆ. ಅಂಚಿನಿಂದ 2 ಸೆಂ.ಮೀ. ಒಳಗೆ ಗೆರೆ, ಅದೇ ಮಡಿಕೆ. ಇದರ ಕಿವಿಗಳನ್ನು ಮಾತ್ರ ಒಂದು ಚೂರು ಕಾಗದದ ಪಟ್ಟಿಯಿಂದ ಅಂಟಿಸಿ. ಮುಚ್ಚಳ ಡಬ್ಬದ ಕಿವಿಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಮೇಲೆ ಹತ್ತಿ ದಾರವೋ ಹೂವಿನ ಅಂಗಡಿಯವರು ಕಟ್ಟುವ ಬಾಳೆ ನಾರೋ ಒಂದು ಸುತ್ತು ಬಂದರೆ ಸಾಕು. ಪ್ಲಾಸ್ಟಿಕ್ ಟೇಪ್ ಹಚ್ಚಬೇಡಿ. ಹಳೆ ರಟ್ಟಿನಿಂದ ಹೊಸ ಕಾಗದ ಮಾಡುವ ಗಿರಣಿಯಲ್ಲಿ ಅದನ್ನು ಕೀಳುವುದೇ ಒಂದು ಕೆಲಸ.

ಲೆಕ್ಕಕ್ಕೂ ಸುಲಭ. ಡಬ್ಬ, ಮುಚ್ಚಳ ಸೇರಿ ಸುಮಾರು 23.5 ಗ್ರಾಂ. ಒಂದು ಕಿಲೋ ರಟ್ಟಿನಲ್ಲಿ ಹತ್ತಿರ ಹತ್ತಿರ 40 ಡಬ್ಬ. ಕಿಲೋ ಬೆಲೆ ಕೇಳಿಕೊಂಡರೆ ಒಂದಕ್ಕೆ ಎಷ್ಟು ಬೀಳುತ್ತದೆ ಎಂದು ನೀವೇ ಹೇಳಬಹುದು.

ಡಬ್ಬದೊಳಗೆ ಬಾಳೆ ಎಲೆ

ನನಗೆ ಅತಿ ಮುಖ್ಯ ಎನಿಸಿದ್ದು ಇದು. ಲೇಪವಿಲ್ಲದ ರಟ್ಟು ಎಣ್ಣೆ ಹೀರುತ್ತದೆ. ಕಾಗದದ ಗಿರಣಿಯಲ್ಲಿ ಹಳೆ ರಟ್ಟನ್ನು ನೀರಿನಲ್ಲಿ ಕಡೆದು ನಾರು ಬಿಡಿಸುತ್ತಾರೆ. ಎಣ್ಣೆ ನೀರಿನ ಜೊತೆ ಹೋಗದೆ ನಾರಿಗೆ ಅಂಟಿ ಉಳಿಯುತ್ತದೆ. ಹೊಸ ಹಾಳೆಯಲ್ಲಿ ಕಲೆ ಬೀಳುತ್ತದೆ, ನಾರು ಒಂದಕ್ಕೊಂದು ಸರಿಯಾಗಿ ಹಿಡಿಯುವುದಿಲ್ಲ. ಅಂದರೆ 'ಮರುಬಳಕೆಗೆ ಬರುತ್ತದೆ' ಎಂದು ಡಬ್ಬದ ಮೇಲೆ ಬರೆದಿದ್ದರೂ, ಎಣ್ಣೆ ಮೆತ್ತಿದ ಮೇಲೆ ಅದು ಬರುವುದಿಲ್ಲ. ರಟ್ಟನ್ನು ಚೊಕ್ಕಟವಾಗಿ ಇಡುವುದೇ ಇಲ್ಲಿನ ಅಸಲಿ ಕೆಲಸ.

ಅದಕ್ಕೆ ನಮ್ಮಲ್ಲಿ ಬಾಳೆ ಎಲೆ ಇದೆಯಲ್ಲ! ನಡುವಿನ ದಂಟು ತೆಗೆದು ಎಲೆಯನ್ನು ಉರಿಯ ಮೇಲೆ ಎರಡು ಸೆಕೆಂಡು ಆಡಿಸಿ. ಬಣ್ಣ ಕಡು ಹಸಿರಾಗಿ ಹೊಳೆಯುತ್ತದೆ, ಬಟ್ಟೆಯಂತೆ ಬಾಗುತ್ತದೆ. ಎಲೆಯಲ್ಲಿ ಕಡುಬು ಕಟ್ಟುವವರಿಗೆ ಇದು ಹೊಸದೇನಲ್ಲ. ಬಾಡಿಸದ ಎಲೆ ಮೂಲೆಯಲ್ಲಿ ಸೀಳುತ್ತದೆ, ಎಣ್ಣೆ ಅಲ್ಲಿಂದಲೇ ಇಳಿಯುತ್ತದೆ. ಎಲೆಯ ಅಳತೆಯೂ ರಟ್ಟಿನದೇ, 23 ಮತ್ತು 20. ಒರೆಸಿ ಒಣಗಿಸಿ, ಡಬ್ಬದ ಆಕಾರಕ್ಕೆ ಒತ್ತಿ ಕೂರಿಸಿ, ಮೇಲೆ ಅನ್ನ ಹಾಕಿ.

ಎಲೆ ಸಿಗದ ಕಡೆ ಮುತ್ತುಗದ ಎಲೆ ಹಾಸಬಹುದು. ಅಡಿಕೆ ಸೀಮೆಯವರಿಗೆ ಹಾಳೆತಟ್ಟೆಯೇ ಸಿಗುತ್ತದೆ, ಅವರಿಗೆ ರಟ್ಟು ಮುಚ್ಚಳಕ್ಕಷ್ಟೇ ಸಾಕು.

ತುಂಬಿಸಿ ನೋಡಿ

ಒಲೆಯಿಂದ ಇಳಿಸಿದ ಅನ್ನವನ್ನು ತಕ್ಷಣ ತುಂಬಬೇಡಿ. ಐದು ನಿಮಿಷ ಹಬೆ ಹೋಗಲಿ. ವಡೆ, ಬೋಂಡಕ್ಕೆ ಮುಚ್ಚಳದ ಕೆಳಗೆ ಎರಡು ಬದಿಗೆ ಪೆನ್ಸಿಲ್ ಗಾತ್ರದ ತೂತು ಮಾಡಿ. ತೂತಿಲ್ಲದಿದ್ದರೆ ಹಬೆ ನೀರಾಗಿ ವಡೆಯ ಗರಿ ಹೋಗುತ್ತದೆ.

ನಿಮ್ಮಲ್ಲಿ ಅತಿ ಜಾಸ್ತಿ ಎಣ್ಣೆಯ ತಿಂಡಿ ಯಾವುದೋ ಅದನ್ನೇ ತುಂಬಿ, ಕೆಳಗೆ ಬಿಳಿ ಕಾಗದ ಇಟ್ಟು 45 ನಿಮಿಷ ಬಿಡಿ. ಕಾಗದಕ್ಕೆ ಕಲೆ ಬಂದರೆ ಎಲೆ ಎಲ್ಲೋ ಹರಿದಿದೆ. ಆಮೇಲೆ ಐದು ಡಬ್ಬ ಒಂದರ ಮೇಲೊಂದು ಇಟ್ಟು ಸ್ಕೂಟರ್‌ನಲ್ಲಿ ಒಂದು ಸುತ್ತು ಹೋಗಿಬನ್ನಿ. ಅತ್ತಿಗೆಯ ಮೊದಲ ಮಾದರಿ ಹಂಪ್ ದಾಟುವಾಗಲೇ ಕುಸಿಯಿತು. ಅದು 230 ಜಿಎಸ್‌ಎಂ ರಟ್ಟು.

ಥರ್ಮಾಕೋಲ್‌ನಷ್ಟು ಹೊತ್ತು ಬಿಸಿ ಇದರಲ್ಲಿ ಉಳಿಯುವುದಿಲ್ಲ, ನಿಜ. ದೂರ ಹೋಗುವ ಪಾರ್ಸೆಲ್‌ಗಳನ್ನು ಒಳಗೆ ಅಲೆ ಅಲೆಯಾಗಿರುವ ರಟ್ಟಿನ ಪೆಟ್ಟಿಗೆಯಲ್ಲಿ ಒಟ್ಟಿಗೆ ಇಡಿ. ಆ ಅಲೆಗಳ ನಡುವೆಯೂ ಗಾಳಿಯೇ ಇರುವುದು. ಪೆಟ್ಟಿಗೆ ಊಟಕ್ಕೆ ತಾಗುವುದಿಲ್ಲವಾದ್ದರಿಂದ ತಿಂಗಳುಗಟ್ಟಲೆ ಅದನ್ನೇ ಬಳಸಬಹುದು.

ಉಂಡ ಮೇಲೆ

ಇದು ಗಿರಾಕಿಗಳ ಕೈಯಲ್ಲಿದೆ, ಅದಕ್ಕೇ ಮುಚ್ಚಳದ ಮೇಲೆ ಒಂದು ಸಾಲು ಬರೆಯಿರಿ. ಅತ್ತಿಗೆ ರಬ್ಬರ್ ಮುದ್ರೆ ಮಾಡಿಸಿದ್ದಾರೆ: 'ಎಲೆ ಹಸಿ ಕಸಕ್ಕೆ, ಡಬ್ಬ ಮಡಚಿ ಒಣ ಕಸಕ್ಕೆ'. ಬೆಂಗಳೂರಿನಲ್ಲಾದರೆ ಹಸಿರು ಬುಟ್ಟಿ, ನೀಲಿ ಬುಟ್ಟಿ. ಅಂಟಿಲ್ಲದ ಡಬ್ಬ ಬಿಚ್ಚಿದರೆ ಮತ್ತೆ ಚಪ್ಪಟೆ ಹಾಳೆ. ಚೊಕ್ಕಟವಾಗಿದ್ದರೆ ರದ್ದಿಯವರೂ ತೆಗೆದುಕೊಳ್ಳುತ್ತಾರೆ. ಎಣ್ಣೆ ಇಳಿದ ಡಬ್ಬ ಇದ್ದರೆ ರಟ್ಟಿನ ರಾಶಿಗೆ ಸೇರಿಸಬೇಡಿ. ಅದರ ಎಣ್ಣೆ ಪಕ್ಕದ ರಟ್ಟಿಗೂ ಹಿಡಿಯುತ್ತದೆ. ಲೇಪ ಇಲ್ಲದ್ದಾದ್ದರಿಂದ ಚೂರು ಮಾಡಿ ಗೊಬ್ಬರದ ಗುಂಡಿಗೆ ಹಾಕಿ. ಒಣ ಎಲೆಯ ಹಾಗೆ ಹಸಿ ಕಸದ ನೀರನ್ನು ಹೀರಿಕೊಂಡು ಕೊಳೆಯುತ್ತದೆ.

ಇನ್ನು ಸಾರು. ಇದಕ್ಕೆ ರಟ್ಟಿನಲ್ಲಿ ದಾರಿ ಹುಡುಕಿ ನಾವು ಸೋತೆವು. ಈಗ ಅತ್ತಿಗೆ ಸ್ಟೀಲ್ ಡಬ್ಬಿಯಲ್ಲಿ ಕಳಿಸುತ್ತಾರೆ. ಮೊದಲ ದಿನ ಡಬ್ಬಿಗೆ ಮುಂಗಡ ಹಣ ತೆಗೆದುಕೊಳ್ಳುತ್ತಾರೆ. ಮರುದಿನ ಊಟ ತಲುಪಿಸುವಾಗ ಖಾಲಿ ಡಬ್ಬಿ ವಾಪಸ್. ದಿನವೂ ತರಿಸುವವರು ಒಪ್ಪಿದ್ದಾರೆ. ಒಂದೊಂದು ಸಲ ಮಾತ್ರ ತರಿಸುವವರಿಗೆ ಅತ್ತಿಗೆ ಫೋನಿನಲ್ಲೇ 'ಒಂದು ಪಾತ್ರೆ ಹಿಡಿದುಕೊಂಡು ಗೇಟಿಗೆ ಬನ್ನಿ, ಊಟ ತರುವವರು ಅಲ್ಲೇ ಬಗ್ಗಿಸಿಕೊಡುತ್ತಾರೆ' ಎಂದು ಹೇಳಿಬಿಡುತ್ತಾರೆ.