ನಾಲ್ಕು ಡಬ್ಬಿ ಕೊಲಾಜೆನ್ ಕುಡಿದ ಮೇಲೆ

ಕಾಸರಗೋಡಿನ ಬದಿಯಡ್ಕದಲ್ಲಿ ನಾನು ಬ್ಯೂಟಿ ಪಾರ್ಲರ್ ಇಟ್ಟು 17 ವರ್ಷ ಆಯಿತು. ಮೊದಲೆಲ್ಲ ಬರುವವರು ಹುಬ್ಬು ತೆಗೆಸಿಕೊಂಡು, ಮನೆಯಲ್ಲಿ ಮದುವೆ ಇದ್ದರೆ ಒಂದು ಫೇಶಿಯಲ್ ಮಾಡಿಸಿಕೊಂಡು ಹೋಗುತ್ತಿದ್ದರು. ಈಗ ಕುರ್ಚಿಯಲ್ಲಿ ಕೂತ ಕೂಡಲೇ ಮೊಬೈಲ್ ತೆಗೆಯುತ್ತಾರೆ. "ಅಕ್ಕ, ಈ ಕೊಲಾಜೆನ್ ಕುಡಿದರೆ ಸುಕ್ಕು ಹೋಗ್ತದಂತೆ, ಹೌದಾ?"

ಕೊಲಾಜೆನ್ ಎಂದರೆ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನ್, ಡಬ್ಬಿಯಲ್ಲಿ ಬರುವುದು ಅದರ ಪುಡಿ. ಕುಡಿದರೆ ಏನಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಮಾರಲು ಹೊರಟೆ. ಒಬ್ಬ ಏಜೆಂಟ್ ಬಂದು ಐದು ಡಬ್ಬಿ ಇಟ್ಟು ಹೋದ. ಒಂದಕ್ಕೆ 1,800 ರೂಪಾಯಿ. ಮೊದಲ ಡಬ್ಬಿ ಕೊಂಡದ್ದು ನೀರ್ಚಾಲು ಕಡೆಯ ಭಟ್ಟರ ಮನೆಯ ಅಕ್ಕ. ಹತ್ತು ದಿನ ಬಿಟ್ಟು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ವಾಪಸ್ ತಂದರು. ಮೇಜಿನ ಮೇಲೆ ಇಡಲಿಲ್ಲ, ನೆಲದ ಮೇಲೆ ಇಟ್ಟರು.

"ಇದು ಮೀನಿನ ಚರ್ಮದ್ದಂತೆ ಮಾರಾಯ್ತಿ. ಮಗಳು ಓದಿ ಹೇಳಿದಳು. ನಾನು ದಿನಾ ಮಿಂದು, ದೇವರಿಗೆ ದೀಪ ಇಟ್ಟು, ಮತ್ತೆ ಇದನ್ನೇ ಕುಡಿದದ್ದು!"

ಡಬ್ಬಿಯ ಮೂಲೆಯಲ್ಲಿ ಚೌಕದೊಳಗೆ ಕಂದು ಬಣ್ಣದ ಸಣ್ಣ ತ್ರಿಕೋನ ಇತ್ತು. ಮಾಂಸಾಹಾರದ ಗುರುತು. ನಾನು ನೋಡಿಯೇ ಇರಲಿಲ್ಲ. ನಾವು ಮೀನು ತಿನ್ನುವವರು, ಆ ಗುರುತು ಹುಡುಕಿ ಅಭ್ಯಾಸ ಇಲ್ಲ. ಆದರೆ ಮಾರುವವಳು ನೋಡಬೇಕಿತ್ತು ಅಲ್ವಾ? ದುಡ್ಡು ವಾಪಸ್ ಕೊಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರ ಆಗುತ್ತಿತ್ತು.

ಆ ರಾತ್ರಿ ಕನ್ನಡಕ ಹಾಕಿಕೊಂಡು ಡಬ್ಬಿಯ ಹಿಂದಿನ ಬರಹ ಪೂರ್ತಿ ಓದಿದೆ. ಆಮೇಲೆ ಓದುತ್ತಲೇ ಹೋದೆ. ಕೊಲಾಜೆನ್ ಇರುವುದು ಪ್ರಾಣಿಗಳಲ್ಲಿ ಮಾತ್ರ. ಮೀನಿನ ಚರ್ಮ, ದನದ ಚರ್ಮ, ಹಂದಿ, ಕೋಳಿ, ಇಂಥದ್ದರಿಂದಲೇ ತೆಗೆಯುವುದು. ಸೊಪ್ಪಿನಲ್ಲಿಲ್ಲ, ಬೇಳೆಯಲ್ಲಿಲ್ಲ. 'ವೆಜ್ ಕೊಲಾಜೆನ್' ಎಂದು ಮಾರುವ ಹೆಚ್ಚಿನ ಡಬ್ಬಿಗಳಲ್ಲಿ ಇರುವುದು ವಿಟಮಿನ್ ಸಿ, ಒಂದಿಷ್ಟು ಅಮೈನೋ ಆಮ್ಲ (ಪ್ರೋಟೀನಿನ ಬಿಡಿ ತುಂಡುಗಳು), ಯಾವುದೋ ಹಣ್ಣಿನ ಸತ್ವ. ಮನೆ ಕಟ್ಟುವ ಸಿಮೆಂಟು, ಜಲ್ಲಿ ಕೊಟ್ಟು "ಮನೆ ಕೊಟ್ಟಿದ್ದೇವೆ" ಎಂದ ಹಾಗೆ.

ಉಳಿದ ನಾಲ್ಕು ಡಬ್ಬಿ ಏನು ಮಾಡುವುದು? ಏಜೆಂಟ್ ಫೋನ್ ಎತ್ತಲಿಲ್ಲ. ನಾನೇ ಕುಡಿದು ನೋಡುತ್ತೇನೆ ಎಂದುಕೊಂಡೆ. ಆಗ ನನಗೆ 47. ಮುಟ್ಟು ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಮುಟ್ಟು ನಿಂತ ಮೊದಲ ಐದು ವರ್ಷದಲ್ಲೇ ಚರ್ಮದ ಕೊಲಾಜೆನ್ ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ ಎಂದು ಓದಿದ್ದೆ. ಹೆದರಿಕೆಯೂ ಇತ್ತು, ಆಸೆಯೂ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಒಂದು ಡಬ್ಬಿಯಲ್ಲಿ 250 ಗ್ರಾಂ. ದಿನಕ್ಕೆ 10 ಗ್ರಾಂ ಲೆಕ್ಕದಲ್ಲಿ 25 ದಿನ. ಮೂರು ಡಬ್ಬಿ, 75 ದಿನ, ಒಂದು ದಿನವೂ ತಪ್ಪಿಸಲಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಹಿಂಬಾಗಿಲ ಹತ್ತಿರ ನಿಂತು, ಕ್ರೀಮ್ ಏನೂ ಹಚ್ಚದೆ, ಒಂದೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಪಾರ್ಲರಿನ ದೀಪದಡಿ ತೆಗೆದ ಫೋಟೋವನ್ನು ನಂಬಬೇಡಿ. ಆ ದೀಪ ಯಾಕೆ ಹಾಗೆ ಹಾಕಿದ್ದೇವೆ ಎಂದು ನಮಗೆ ಗೊತ್ತು.

ಎರಡು ತಿಂಗಳಾಗುವಾಗ ಬಂದವರೆಲ್ಲ "ಮುಖ ಚೆಂದ ಆಗಿದೆಯಲ್ಲ" ಎನ್ನತೊಡಗಿದರು. ಫೋಟೋದಲ್ಲೂ ಕಾಣುತ್ತಿತ್ತು. ಕೆನ್ನೆಯ ಬಂಗು ತಿಳಿಯಾಗಿತ್ತು. ಮಿಂದ ಮೇಲೆ ಮುಖ ಬಿಗಿಯುವುದು ನಿಂತಿತ್ತು. ಉಗುರು ಒಡೆಯುವುದು ಕಡಿಮೆ ಆದ ಹಾಗೆ ಅನಿಸಿತು. ಖುಷಿಯಲ್ಲಿ ಗಂಡನಿಗೆ ತೋರಿಸಿದೆ. ಅವರು ಟೆಂಪೋ ಓಡಿಸುವವರು, ಜೊತೆಗೆ ಒಂದೆಕರೆ ಅಡಿಕೆ ತೋಟ ಉಂಟು.

"ಇದರ ಜೊತೆ ಬೇರೆ ಎಂತೆಲ್ಲ ಮಾಡಿದ್ದಿ?"

ಎಣಿಸಿದರೆ ತುಂಬಾ ಇತ್ತು. ಇಷ್ಟು ದುಡ್ಡಿನದ್ದು ಕುಡಿಯುತ್ತಿದ್ದೇನಲ್ಲ ಎಂದು ಸನ್‌ಸ್ಕ್ರೀನ್ ಸರಿಯಾಗಿ ಹಚ್ಚತೊಡಗಿದ್ದೆ. ಬೇಕರಿ ತಿಂಡಿ ಬಿಟ್ಟಿದ್ದೆ. ಹತ್ತು ಗಂಟೆಗೆ ಮಲಗುತ್ತಿದ್ದೆ. ದಿನಾ ಎರಡು ಮೊಟ್ಟೆ ತಿನ್ನುತ್ತಿದ್ದೆ. "ಗೊಬ್ಬರ, ನೀರು, ಮದ್ದು ಎಲ್ಲ ಒಂದೇ ವರ್ಷ ಸರಿ ಮಾಡಿ, ಗೊನೆ ಒಳ್ಳೆದು ಬಂದಾಗ ಗೊಬ್ಬರದಂಗಡಿಯವ ನನ್ನಿಂದ ಅಂತಾನೆ" ಎಂದು ಅವರು ಚಪ್ಪಲಿ ಹಾಕಿಕೊಂಡು ಹೋದರು. ಸಿಟ್ಟು ಬಂತು. ಆದರೆ ಮಾತು ಸರಿ ಇತ್ತು.

ಹಾಗಾಗಿ ಪುಡಿ ಒಂದನ್ನು ನಿಲ್ಲಿಸಿದೆ. ಉಳಿದದ್ದು ಹಾಗೇ. ಮೂರು ತಿಂಗಳು. ಸೋಮವಾರದ ಫೋಟೋಗಳನ್ನು ತಂಗಿಗೆ ಹಿಂದೆ ಮುಂದೆ ಮಾಡಿ ಕಳಿಸಿ, ಯಾವುದು ಪುಡಿ ಕುಡಿಯುವಾಗಿನದ್ದು ಹೇಳು ಎಂದೆ. ಅವಳಿಗೆ ಹೇಳಲು ಆಗಲಿಲ್ಲ. ನನಗೂ ಆಗುತ್ತಿರಲಿಲ್ಲ.

ಜನವರಿಯಲ್ಲಿ ಅಮ್ಮನಿಗೆ ಹುಷಾರಿಲ್ಲ ಎಂದು ಪೆರ್ಲದ ತವರಿಗೆ ಹೋದೆ. ನಾಲ್ಕನೇ ಡಬ್ಬಿ ಚೀಲದಲ್ಲಿತ್ತು, ಸನ್‌ಸ್ಕ್ರೀನ್ ಮರೆತಿದ್ದೆ. ಅಂಗಳ ತುಂಬ ಅಡಿಕೆ ಹರಡಿದ್ದ ಸಮಯ. ಒಣಗಿದ್ದನ್ನು ಮಗುಚುವುದು, ರಾಶಿ ಮಾಡುವುದು, ಜಗಲಿಯ ತುದಿಯಲ್ಲಿ ಕೂತು ಸುಲಿಯುವುದು. ಪುಡಿಯನ್ನು 25 ದಿನವೂ ಬಿಡದೆ ಕುಡಿದೆ. ವಾಪಸ್ ಬಂದು ಹಿಂಬಾಗಿಲಲ್ಲಿ ಫೋಟೋ ತೆಗೆದರೆ, ಬಂಗು ಮೊದಲಿಗಿಂತ ಗಾಢ! ಕಣ್ಣಿನ ಕೆಳಗೆ ಒಣಗಿದ ಗೆರೆಗಳು. 1,800 ರೂಪಾಯಿಯ ಪುಡಿ ಅಂಗಳದ ಬಿಸಿಲಿನ ಮುಂದೆ ನಿಲ್ಲಲಿಲ್ಲ.

ನನ್ನೊಬ್ಬಳ ಮುಖದ ಕತೆ ಎಲ್ಲರಿಗೂ ಸಾಕ್ಷಿಯಲ್ಲ. ಆದರೆ ಅದೇ ತವರಿನಲ್ಲಿ ಕಂಡ ಇನ್ನೊಂದು ವಿಷಯವನ್ನು ನಾನು ಈಗ ಎಲ್ಲರಿಗೂ ತೋರಿಸುತ್ತೇನೆ. ಅಮ್ಮನಿಗೆ 74. ಮೈಗೆ ಎಣ್ಣೆ ಹಚ್ಚಿ ಮೀಯಿಸುವಾಗ ರವಕೆ ತೋಳಿನ ಒಳಗಿನ ಚರ್ಮ ನೋಡಿದೆ. ನುಣುಪು. ಸ್ವಲ್ಪ ಸಡಿಲ, ಅಷ್ಟೇ. ಒಂದು ಮೊಳ ಕೆಳಗೆ, ಮುಂಗೈ ಮೇಲಿನದ್ದು ಒಣಗಿದ ಅಡಿಕೆ ಹಾಳೆಯ ಹಾಗೆ. ಎರಡೂ 74 ವರ್ಷದ್ದೇ. ಒಂದೇ ಗಂಜಿ ತಿಂದದ್ದು, ಒಂದೇ ರಕ್ತ ಹರಿದದ್ದು. ಮಧ್ಯೆ ಇದ್ದದ್ದು ಒಂದು ಗೇಣು ಬಟ್ಟೆ. ಕುಡಿದದ್ದು ಎರಡೂ ಕಡೆಗೆ ಹೋಗುತ್ತದೆ. ಬಿಸಿಲು ಮಾತ್ರ ಒಂದು ಕಡೆ ಬಿದ್ದದ್ದು.

ಗಂಡನ ಬಲಗೈಯೂ ಹಾಗೆಯೇ. ಟೆಂಪೋದ ಕಿಟಕಿಯಲ್ಲಿ ಇಟ್ಟು ಇಟ್ಟು ಎಡಗೈಗಿಂತ ಹತ್ತು ವರ್ಷ ಹಳತು. ಅಮೆರಿಕದ ಒಬ್ಬ ಟ್ರಕ್ ಚಾಲಕನ ಫೋಟೋ 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. 69 ವರ್ಷ, 28 ವರ್ಷ ಲಾರಿ ಓಡಿಸಿದವನು. ಕಿಟಕಿಯ ಕಡೆಯ ಎಡಗೆನ್ನೆ ಮಡಿಕೆ ಮಡಿಕೆ, ಬಲಗೆನ್ನೆ ಪರವಾಗಿಲ್ಲ. ಚರ್ಮದ ಆಳಕ್ಕೆ ಇಳಿದು ಕೊಲಾಜೆನ್ ಮುರಿಯುವ, ಬಿಸಿಲಿನ ಯುವಿಎ ಕಿರಣ ಸಾಮಾನ್ಯ ಗಾಜಿನಲ್ಲೂ ದಾಟಿ ಬರುತ್ತದೆ.

ಹಾಗಾದರೆ ಪುಡಿ ಬರೀ ಮೋಸವಾ? ಹಾಗೂ ಹೇಳುವುದಿಲ್ಲ. ಮೀನಿನ ತಲೆ ತಿಂದರೆ ಅದು ನೇರ ನಮ್ಮ ತಲೆಗೆ ಹೋಗುವುದಿಲ್ಲ. ಕೊಲಾಜೆನ್ ಕೂಡ ಹೊಟ್ಟೆಯಲ್ಲಿ ಚೂರು ಚೂರಾಗುತ್ತದೆ. ಆದರೆ ಕೆಲವು ಸಣ್ಣ ತುಂಡುಗಳು ಹಾಗೇ ರಕ್ತಕ್ಕೆ ಸೇರುವುದು ಪರೀಕ್ಷೆಗಳಲ್ಲಿ ಕಂಡಿದೆ. ಆ ತುಂಡುಗಳು ಚರ್ಮದ ಕೋಶಗಳನ್ನು ಹೊಸ ಕೊಲಾಜೆನ್ ಮಾಡಲು ಎಬ್ಬಿಸುತ್ತವೆ ಎಂಬುದು ಕಂಪನಿಗಳ ವಾದ. ಚರ್ಮದ ತೇವ, ಎಳೆದು ಬಿಟ್ಟರೆ ಹಿಂದೆ ಹೋಗುವ ಗುಣ ಸ್ವಲ್ಪ ಹೆಚ್ಚಿತು ಎಂದ ಅಧ್ಯಯನಗಳೂ ಉಂಟು. 2025ರಲ್ಲಿ ಇಬ್ಬರು ಸಂಶೋಧಕರು 23 ಅಧ್ಯಯನಗಳನ್ನು, ಒಟ್ಟು 1,474 ಜನರ ಲೆಕ್ಕವನ್ನು, ಒಟ್ಟು ಸೇರಿಸಿ ನೋಡಿದರು. ಕಂಪನಿ ದುಡ್ಡು ಕೊಟ್ಟ ಅಧ್ಯಯನಗಳಲ್ಲಿ ಲಾಭ ಕಂಡಿತು. ಕೊಡದವುಗಳಲ್ಲಿ ಕಾಣಲಿಲ್ಲ. ಓದಿ ನನಗೆ ನಗು ಬಂತು. ನಮ್ಮ ಪಾರ್ಲರಿನ ದೀಪದ ಕತೆಯೇ.

ಸನ್‌ಸ್ಕ್ರೀನ್ ವಿಷಯದಲ್ಲಿ ಹಾಗಿಲ್ಲ. ಆಸ್ಟ್ರೇಲಿಯದ ನಾಂಬೂರ್ ಎಂಬ ಊರಲ್ಲಿ 55ರೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ನೋಡಿ 2013ರಲ್ಲಿ ವರದಿ ಬಂತು. ದಿನಾ ಹಚ್ಚಿದವರ ಚರ್ಮ ಮುಪ್ಪಾದದ್ದು, ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇಕಡಾ 24 ಕಡಿಮೆ. ಅಲ್ಲಿಯವರ ಚರ್ಮ ಬಿಳಿ, ನಮ್ಮದರಲ್ಲಿ ಬಣ್ಣದ ರಕ್ಷಣೆ ಸ್ವಲ್ಪ ಜಾಸ್ತಿ. ನಮಗೆ ಸುಕ್ಕಿಗಿಂತ ಮೊದಲು ಬರುವುದು ಬಂಗು, ಕಲೆ. ಅದಕ್ಕೆ ಚರ್ಮದ ಬಣ್ಣದ್ದೇ ಸನ್‌ಸ್ಕ್ರೀನ್ ಸಿಗುತ್ತದೆ, ಅದರಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ, ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಬಂಗು ಇರುವವರಿಗೆ ಅದೇ ಒಳ್ಳೆಯದು. ಟ್ಯೂಬಿನ ಮೇಲೆ ಬರೆದಿರುವ ಎಸ್‌ಪಿಎಫ್ (ಬಿಸಿಲು ತಡೆಯುವ ಮಟ್ಟ) 30 ಇದ್ದರೆ ಸಾಕು. ಆದರೆ ಮುಖ, ಕುತ್ತಿಗೆಗೆ ಎರಡು ಬೆರಳಿನುದ್ದ ಬೇಕು. ಕಡಲೆ ಕಾಳಿನಷ್ಟು ತೆಗೆದು ಹಚ್ಚಿದರೆ ಸುಮ್ನೆ ಖರ್ಚು.

ಊಟಕ್ಕೆ ಬರುತ್ತೇನೆ, ಯಾಕೆಂದರೆ ನನಗೆ ನಿಜವಾಗಿ ಆಶ್ಚರ್ಯ ಆದದ್ದು ಅಲ್ಲಿ. ಪುಡಿ ಶುರು ಮಾಡುವ ಮೊದಲು ಒಂದು ವಾರ ನಾನು ತಿಂದದ್ದೆಲ್ಲ ಬರೆದಿಟ್ಟಿದ್ದೆ. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಸಾರು, ಮಜ್ಜಿಗೆ. ಸಂಜೆ ಚಹಾ, ಪಫ್ಸ್. ರಾತ್ರಿ ಪುನಃ ಅನ್ನ. ನನ್ನ ತೂಕ 60 ಕಿಲೋ. ಕಿಲೋಗೆ 0.83 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 50 ಗ್ರಾಂ ಪ್ರೋಟೀನ್ ಬೇಕು. ಮೀನು ಇಲ್ಲದ ದಿನ ನನಗೆ 35 ಕೂಡ ಆಗುತ್ತಿರಲಿಲ್ಲ. ಗಂಡ, ಮಕ್ಕಳಿಗೆ ಬಡಿಸಿ ಉಳಿದದ್ದರಲ್ಲಿ ಸಾರು ನಮ್ಮ ಪಾಲಿಗೆ, ಬೇಳೆ ಅವರ ಪಾಲಿಗೆ. ಕೊಲಾಜೆನ್ ಕಟ್ಟುವ ಮೊದಲು ಮೈಗೆ ಸಾಮಾನೇ ಇರಲಿಲ್ಲ ಎನ್ನಿ.

ಎರಡು ಮೊಟ್ಟೆಗೆ 12 ಗ್ರಾಂ. 50 ಗ್ರಾಂ ಹುರುಳಿಗೆ ಸುಮಾರು 11. ಬೂತಾಯಿ ಮೀನು 100 ಗ್ರಾಂ ತಿಂದರೆ 18ರಿಂದ 20. ಬೂತಾಯಿಯನ್ನು ಚರ್ಮ ಸಮೇತವೇ ತಿನ್ನುತ್ತೇವಲ್ಲ, ಅದರಲ್ಲೂ ಕೊಲಾಜೆನ್ ಇದ್ದದ್ದೇ, ಡಬ್ಬಿ ಬೇಡ. ಇನ್ನೊಂದು ಮಾತು: ಕೊಲಾಜೆನ್ ಪುಡಿಯಲ್ಲಿ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲ ಇಲ್ಲ. ಹಾಗಾಗಿ ಅದು ಪೂರ್ಣ ಪ್ರೋಟೀನ್ ಅಲ್ಲ. ಬೆಳಗಿನ ತಿಂಡಿ ಬಿಟ್ಟು ಇದನ್ನೇ ಕುಡಿಯುವ ಹುಡುಗಿಯರಿದ್ದಾರೆ. ಅವರಿಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ವಿಟಮಿನ್ ಸಿ ಇಲ್ಲದೆ ಮೈ ಕೊಲಾಜೆನ್‌ನ ಎಳೆಗಳನ್ನು ಗಟ್ಟಿಯಾಗಿ ಹೆಣೆಯಲಾರದು. ಹಿಂದೆ ಹಡಗಿನವರಿಗೆ ಒಸಡು ಬಿರಿದು, ಹಳೆ ಗಾಯ ಬಿಚ್ಚಿಕೊಳ್ಳುತ್ತಿದ್ದದ್ದು ಇದಕ್ಕೇ. ಹೆಂಗಸರಿಗೆ ದಿನಕ್ಕೆ 65 ಮಿಲಿಗ್ರಾಂ ಸಾಕು. ಒಂದು ಪೇರಳೆ ಹಣ್ಣಲ್ಲಿ ಅದಕ್ಕಿಂತ ಜಾಸ್ತಿ ಉಂಟು. ಒಂದು ಹಸಿ ನೆಲ್ಲಿಕಾಯಿ ಅರೆದು ಮಜ್ಜಿಗೆಗೆ ಹಾಕಿ ತಂಬುಳಿ ಮಾಡಿದರೂ ಆಯಿತು. ಕುದಿಸಬಾರದು, ಬಿಸಿಗೆ ವಿಟಮಿನ್ ಸಿ ಹಾಳಾಗುತ್ತದೆ. ನನಗೆ ಹೊಟ್ಟೆ ಉರಿಯುವುದು ಗೇರುಹಣ್ಣು ನೋಡಿ. ಮಾರ್ಚ್, ಏಪ್ರಿಲಿನಲ್ಲಿ ನಮ್ಮ ಗುಡ್ಡಗಳಲ್ಲಿ ಬೀಜ ತಿರುಚಿ ತೆಗೆದು ಹಣ್ಣನ್ನು ರಾಶಿ ರಾಶಿ ಕೊಳೆಯಲು ಬಿಡುತ್ತಾರೆ. ಕಿತ್ತಳೆಗಿಂತ ನಾಲ್ಕೈದು ಪಟ್ಟು ವಿಟಮಿನ್ ಸಿ ಇರುವ ಹಣ್ಣು ಅದು. ಗಂಟಲು ಕೆರೆಯುತ್ತದೆ ಎಂಬುದು ನಿಜ. ಉಪ್ಪು ಹಾಕಿಟ್ಟರೆ ಸ್ವಲ್ಪ ಕಡಿಮೆ. ಅದನ್ನು ಅಲ್ಲಿ ಬಿಟ್ಟು ವಿಟಮಿನ್ ಸಿ ಮಾತ್ರೆಗೆ ಕಾಸರಗೋಡಿಗೆ ಬಸ್ಸು ಹತ್ತುತ್ತೇವೆ.

ಸಕ್ಕರೆ ಕಡಿಮೆ ಮಾಡಿದ್ದಕ್ಕೂ ಕಾರಣ ಇತ್ತು. ರಕ್ತದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಅದು ಕೊಲಾಜೆನ್ ಎಳೆಗಳಿಗೆ ಅಂಟಿ ಅವನ್ನು ಪೆಡಸು ಮಾಡುತ್ತದೆ. ಸಣ್ಣ ಬಾಟಲಿಯಲ್ಲಿ ಬರುವ ಸಿಹಿ ಕೊಲಾಜೆನ್ ಜ್ಯೂಸ್ ಕೊಳ್ಳುವವರು ಸಕ್ಕರೆ ಎಷ್ಟು ಉಂಟು ಎಂದು ಓದಿ ಕೊಳ್ಳಿ.

ಅಡಿಕೆ ಊರಿನವಳಾಗಿ ಇದನ್ನೂ ಹೇಳಬೇಕು. ಕೊಲಾಜೆನ್ ಹೆಚ್ಚಿದ್ದೆಲ್ಲ ಒಳ್ಳೆಯದೇ ಎಂದಿಲ್ಲ. ಅಡಿಕೆ ಜಗಿದು ಜಗಿದು ಬಾಯಿ ತೆರೆಯಲಾಗದ ಕಾಯಿಲೆ ಇದೆಯಲ್ಲ, ಅಲ್ಲಿ ಆಗುವುದು ಕೆನ್ನೆಯ ಒಳಗೆ ಕೊಲಾಜೆನ್ ಅತಿಯಾಗಿ ಕಟ್ಟಿ ಗಟ್ಟಿಯಾಗುವುದು. ನನ್ನ ಅಮ್ಮನಿಗೆ ವೀಳ್ಯ ಬಿಡಿಸಲು ನಾನು ಸೋತಿದ್ದೇನೆ. ಫೇಶಿಯಲ್‌ಗೆ ಬಂದವರ ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ ಡಾಕ್ಟರ ಹತ್ತಿರ ಹೋಗಲು ಹೇಳುತ್ತೇನೆ.

ಈಗ ಪಾರ್ಲರಿನಲ್ಲಿ ಪುಡಿ ಇಲ್ಲ. ಕೇಳಿದವರಿಗೆ, ಮೀನಿನ ಅಲರ್ಜಿ ಇಲ್ಲ, ಕಿಡ್ನಿ ತೊಂದರೆ ಇಲ್ಲ, ದುಡ್ಡು ಜಾಸ್ತಿ ಉಂಟು ಎಂದಾದರೆ ಕುಡಿಯಿರಿ, ಆದರೆ ಮೊದಲು ಸನ್‌ಸ್ಕ್ರೀನ್, ಆಮೇಲೆ ಮೊಟ್ಟೆಯೋ ಹುರುಳಿಯೋ, ಪುಡಿ ಕೊನೆಗೆ ಎನ್ನುತ್ತೇನೆ. ಅರ್ಧ ಜನಕ್ಕೆ ಈ ಉತ್ತರ ಸಪ್ಪೆ ಅನಿಸುತ್ತದೆ. ಮುಖದಲ್ಲೇ ಗೊತ್ತಾಗುತ್ತದೆ.

ನೀರ್ಚಾಲಿನ ಅಕ್ಕ ಹೋದ ತಿಂಗಳು ಹುಬ್ಬು ತೆಗೆಸಲು ಬಂದರು. ಅವರ ಮನೆಯಲ್ಲೂ ಅಡಿಕೆ ಅಂಗಳದಲ್ಲೇ ಇತ್ತು, ಕೆನ್ನೆಯ ಮೇಲೆ ಬಂಗು ಏರಿತ್ತು. ಹೆದರುತ್ತಲೇ ಸನ್‌ಸ್ಕ್ರೀನ್ ಟ್ಯೂಬ್ ಮುಂದಿಟ್ಟೆ. ಅವರು ಎತ್ತಿಕೊಂಡು, ತಿರುಗಿಸಿ, ಕೈ ದೂರ ಹಿಡಿದು ಓದಲು ನೋಡಿದರು. ಅಕ್ಷರ ಸಣ್ಣದು. ಟ್ಯೂಬ್ ನನಗೇ ಕೊಟ್ಟರು.

"ನೀನೇ ಓದಿ ಹೇಳು. ಪೂರ್ತಿ."

ಕನ್ನಡಕ ಹಾಕಿಕೊಂಡೆ.